‘ಕೊನೆ ತೂಬು’ ಲಾಗ್: ಪುಣ್ಯದ ಮೀಟರ್ ಕಿತ್ತು ಹಾಕಿದೆ

ನಾನು ಕಟ್ಟುತ್ತಿರುವ ಕಂಪ್ಯೂಟರ್ ಆಟದಿಂದ ಪುಣ್ಯದ ಮೀಟರ್ ಹೋಯಿತು. ಕೋಡಿನಿಂದ ಹೋಯಿತು, ಸ್ಕ್ರೀನಿನ ಮೂಲೆಯಿಂದಲೂ ಹೋಯಿತು. ಅದರ ಜಾಗಕ್ಕೆ ಊರಮಂದಿಯ ಬಾಯಿ ಬಂದಿದೆ. ಈ ಸಲದ ಲಾಗ್ (ಆಟ ಕಟ್ಟುವ ದಿನಚರಿ) ಪೂರ್ತಿ ಅದರದ್ದೇ ಗೋಳು. ಟೈಲ್‌ಮ್ಯಾಪ್ (ಚೌಕ ಚಿತ್ರ ಜೋಡಿಸಿದ ನಕ್ಷೆ), ಸೇವ್ ಫೈಲ್, ಡೈಲಾಗ್ ಬಾಕ್ಸ್ ಎಲ್ಲ ನಡೆಯುತ್ತಿವೆ. ಅವನ್ನೆಲ್ಲ ನೀವೂ ಮಾಡಿದ್ದೀರಿ, ಬಿಡಿ.

ಹೊಸದಾಗಿ ಓದುವವರಿಗೆ ಇಷ್ಟು ಸಾಕು. ‘ಕೊನೆ ತೂಬು’ ನಾನು ಗೋಡೋ 4ರಲ್ಲಿ (ಆಟ ಕಟ್ಟುವ ಸಾಫ್ಟ್‌ವೇರ್) ಕಟ್ಟುತ್ತಿರುವ 2ಡಿ ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಆಡುವ ಆಟ. ಗೋಡೋ 3ರಲ್ಲಿ ನಮ್ಮ ಒತ್ತಕ್ಷರಗಳು ಒಡೆದು ಚೂರಾಗುತ್ತಿದ್ದವು, ಅದಕ್ಕೇ 4. ಆಟಗಾರ ತುಂಗಭದ್ರಾ ಎಡದಂಡೆಯಂಥದ್ದೇ ಒಂದು ಕಾಲುವೆಯ ಗ್ಯಾಂಗ್‌ಮನ್, ಅಂದರೆ ಗೇಟ್, ತೂಬು ನೋಡಿಕೊಳ್ಳುವ ಆಳು. ಕತ್ತಿ ಇಲ್ಲ, ರಾಕ್ಷಸ ಇಲ್ಲ. ಇರುವುದು ಒಂದು ಸೈಕಲ್, ಗೇಟ್ ತಿರುಗಿಸುವ ಹ್ಯಾಂಡಲ್, ಮತ್ತು ಎಲ್ಲರಿಗೂ ಸಾಲದಷ್ಟು ನೀರು. ಮೇಲಿನವರು ನೆಲ್ಲು ಹಾಕಿದ್ದಾರೆ. ಕೊನೆಯವರ ಜೋಳ, ಹತ್ತಿ ಒಣಗುತ್ತಿವೆ. ರಾಯಚೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೊರಗಿನವರಿಗೆ ಹೇಳುವುದಾದರೆ, ಈ ಕಾಲುವೆ ಮಾಡಿದ್ದೇ ಹೆಚ್ಚಾಗಿ ಕಡಿಮೆ ನೀರಿನ ಬೆಳೆಗೆ. ಆದರೆ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ನೆಲ್ಲು ಹರಡಿತು. ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕಿನ ಕೊನೆ ಭಾಗಕ್ಕೆ ನೀರು ಮುಟ್ಟುತ್ತೋ ಇಲ್ಲವೋ ಅನ್ನುವುದೇ ವರ್ಷ ವರ್ಷದ ಜಗಳ. ಇಂಥ ಕಥೆ ಮನೆ ಬಾಗಿಲಲ್ಲೇ ಬಿದ್ದಿರುವಾಗ ಡ್ರ್ಯಾಗನ್ ಯಾಕೆ?

ಈಗ ಮೀಟರ್ ವಿಷಯ. ಮೊದಲ ಬಿಲ್ಡ್‌ನಲ್ಲಿ (ಆಡಿ ನೋಡಬಹುದಾದ ಪ್ರತಿ) ಎಲ್ಲರ ಹಾಗೆ ಒಂದು ಅಂಕಿ ಇಟ್ಟಿದ್ದೆ. ಮೈನಸ್ 100ರಿಂದ ಪ್ಲಸ್ 100ರವರೆಗೆ. ಹೆಸರು ಪುಣ್ಯ. ಒಣಗಿದ ಹೊಲಕ್ಕೆ ನೀರು ಬಿಟ್ಟರೆ 10 ಏರುತ್ತದೆ. ಲಂಚ ತಿಂದರೆ 20 ಇಳಿಯುತ್ತದೆ. ಅಕ್ಕನ ಮಗನಿಗೆ ಆಡಲು ಕೊಟ್ಟೆ. ಅವನು ಒಬ್ಬರ ಹೊಲದ ಮೋಟರ್ ಕದ್ದ. ಆಮೇಲೆ ಗುಡಿ ಮುಂದಿನ ಮುದುಕಿಗೆ ಒಂದೊಂದೇ ರೂಪಾಯಿ ಹಾಕುತ್ತಾ ಕೂತ. "ಏನ್ಲೇ ಇದು?" ಅಂದೆ.

"ಪುಣ್ಯ ತುಂಬಿಸ್ಕೊಳಾಕತ್ತೀನಿ ಮಾಮಾ. ಇನ್ನೊಂದು ಮೋಟ್ರು ಕದೀಬೇಕು."

ಹುಡುಗನನ್ನು ಬೈದು ಪ್ರಯೋಜನ ಇಲ್ಲ. ಅಂಕಿ ತೋರಿಸಿದರೆ ಜನ ಅಂಕಿಯನ್ನೇ ಆಡುತ್ತಾರೆ. ದೊಡ್ಡ ಸ್ಟುಡಿಯೋಗಳ ಗತಿಯೂ ಇದೇ. ಫಾಲ್‌ಔಟ್ 3ರಲ್ಲಿ (2008) ಅಣುಬಾಂಬ್ ಸಿಡಿಸಿ ಒಂದು ಇಡೀ ಊರನ್ನು ಸುಡಬಹುದು. ಆಮೇಲೆ ಭಿಕ್ಷುಕನಿಗೆ ಶುದ್ಧ ನೀರು ಕೊಡುತ್ತಾ ಹೋದರೆ ಕರ್ಮ ಮತ್ತೆ ಮೇಲೇರುತ್ತದೆ. ಮಾಸ್ ಎಫೆಕ್ಟ್ 2ರಲ್ಲಿ (2010) ಸಭ್ಯತೆಗೆ ನೀಲಿ ಮಾತು, ಒರಟುತನಕ್ಕೆ ಕೆಂಪು ಮಾತು. ಮುಂದೆ ಒಳ್ಳೊಳ್ಳೆ ಮಾತುಗಳು ತೆರೆಯಬೇಕು ಅಂದರೆ ಒಂದೇ ಬಣ್ಣ ಹಿಡಿದು ಹೋಗುವುದು ಲಾಭ. ಹಾಗಾಗಿ ಯೋಚನೆ ಮಾಡುವುದು ಮೊದಲ ಗಂಟೆ ಮಾತ್ರ, ಆಮೇಲೆ ಬಣ್ಣ ನೋಡಿ ಒತ್ತುವುದು. ಬಯೋಶಾಕ್ (2007) ಇನ್ನೂ ಮಜಾ. ಪುಟ್ಟ ಹುಡುಗಿಯನ್ನು ಕೊಂದರೆ 160 ಆಡಮ್ (ಹೊಸ ಶಕ್ತಿ ಕೊಳ್ಳುವ ಆಟದ ಕಾಸು), ಉಳಿಸಿದರೆ 80. ಒಳ್ಳೆಯತನಕ್ಕೆ ಬೆಲೆ ತೆರಬೇಕು ಅಂತ ಎದೆ ಭಾರವಾಗುತ್ತದೆ. ಆದರೆ ಮೂವರನ್ನು ಉಳಿಸಿದರೆ 200ರ ಉಡುಗೊರೆ ಬರುತ್ತದೆ. ಲೆಕ್ಕ ಹಾಕಿ. ಮೂವರನ್ನು ಕೊಂದರೆ 480, ಉಳಿಸಿದರೆ 440. ಬರೀ 40ಕ್ಕೆ ಯಾರು ಪಾಪ ಕಟ್ಟಿಕೊಳ್ಳುತ್ತಾರೆ?

ನನಗೆ ಇವತ್ತಿಗೂ ಇಷ್ಟ ಹಳೆಯ ಅಲ್ಟಿಮಾ 4. ರಿಚರ್ಡ್ ಗ್ಯಾರಿಯಟ್ 1985ರಲ್ಲಿ ಮಾಡಿದ್ದು. ಅದರಲ್ಲಿ ಕಣ್ಣು ಕಾಣದ ಒಬ್ಬಾಕೆ ಮಂತ್ರಕ್ಕೆ ಬೇಕಾದ ಬೇರು ನಾರು ಮಾರುತ್ತಾಳೆ. ಎಷ್ಟು ದುಡ್ಡು ಎಣಿಸಿ ಕೊಟ್ಟೆ ಅನ್ನುವುದನ್ನು ಆಟಗಾರನೇ ಟೈಪ್ ಮಾಡಬೇಕು. ಕಡಿಮೆ ಕೊಟ್ಟರೂ ಸಾಮಾನು ಸಿಗುತ್ತದೆ. ಒಳಗೊಳಗೇ ಪ್ರಾಮಾಣಿಕತೆ ಇಳಿದಿರುತ್ತದೆ. ಎಂಟು ಗುಣಗಳಲ್ಲಿ ಅದೂ ಒಂದು, ಎಂಟೂ ತುಂಬದೆ ಆಟ ಮುಗಿಯುವುದಿಲ್ಲ.

ಅದನ್ನು ನೋಡಿ ನಾನೂ ಮೀಟರ್ ಮುಚ್ಚಿಟ್ಟೆ. ಹುಡುಗ ಪುಣ್ಯದ ಮೇಲೆ ಬದಲಾಗುವ ಚಹಾದ ರೇಟ್ ನೋಡಿಯೇ ಪುಣ್ಯ ಎಷ್ಟಿದೆ ಅಂತ ಲೆಕ್ಕ ತೆಗೆದ.

ಆಮೇಲೆ ಫಾಲ್‌ಔಟ್: ನ್ಯೂ ವೇಗಸ್ (2010) ದಾರಿ ಹಿಡಿದೆ. ಅಲ್ಲಿ ಪ್ರತಿ ಬಣಕ್ಕೂ ಬೇರೆ ಲೆಕ್ಕ. ಅದರಲ್ಲೂ ಒಳ್ಳೆ ಹೆಸರಿಗೆ ಒಂದು ಖಾತೆ, ಕೆಟ್ಟ ಹೆಸರಿಗೆ ಇನ್ನೊಂದು. ಒಂದು ಇನ್ನೊಂದನ್ನು ಅಳಿಸುವುದಿಲ್ಲ. ಇದು ನಿಜಕ್ಕೂ ಜಾಣತನ. ಮೋಟರ್ ಕದ್ದವನು ಮುದುಕಿಗೆ ರೂಪಾಯಿ ಹಾಕಿದರೆ ಅವನು ದಾನ ಮಾಡುವ ಕಳ್ಳ, ಅಷ್ಟೇ. ನಾನೂ ಮೇಲಿನ ಊರು, ನಡುವಿನ ಕ್ಯಾಂಪ್ (ವಲಸೆ ಬಂದ ರೈತರ ಊರು), ಕೊನೆಯ ಊರು ಅಂತ ಮೂರು ಬಣ ಮಾಡಿದೆ. ಆದರೆ ನಡುರಾತ್ರಿ ಒಬ್ಬನೇ ಹೋಗಿ ತೂಬು ಎತ್ತಿದರೂ ಮರುಕ್ಷಣ ಬಣಕ್ಕೆಲ್ಲ ಗೊತ್ತು. ತೊಟ್ಟಿಲಲ್ಲಿ ಮಲಗಿದ ಕೂಸಿಗೂ ಗೊತ್ತು. ನಮ್ಮ ಕಡೆ ಸುದ್ದಿ ಬೇಗ ಹರಡುತ್ತದೆ ನಿಜ. ಇಷ್ಟಲ್ಲ.

ಹಾಗಾಗಿ ಲೆಕ್ಕವನ್ನು ಆಟಗಾರನ ಮೇಲೆ ಬರೆಯುವುದನ್ನೇ ಬಿಟ್ಟೆ. ಈಗ ಊರಿನ ಪ್ರತಿಯೊಬ್ಬನ ಹತ್ತಿರ ಒಂದು ಡಿಕ್ಷನರಿ, ಅಂದರೆ ಕೋಡಿನೊಳಗಿನ ನೆನಪಿನ ಪಟ್ಟಿ. ನೋಡಿದವನಿಗೆ ಮಾತ್ರ ಗೊತ್ತು. ಇಬ್ಬರು ಅಗಸಿ ಕಟ್ಟೆಯಲ್ಲೋ, ಮಿರ್ಚಿ ಹೋಟೆಲಿನಲ್ಲೋ ಕೂತರೆ ಒಬ್ಬನ ಸುದ್ದಿ ಇನ್ನೊಬ್ಬನಿಗೆ ದಾಟುತ್ತದೆ. ಸರಳ ಅಲ್ವಾ? ನನ್ನ ನಿದ್ದೆ ಹೋಗಿದ್ದು ಇಲ್ಲೇ.

ಪರೀಕ್ಷೆಗೆ ಒಂದೇ ಒಂದು ಕಳ್ಳತನ ಮಾಡಿಸಿ ಆಟದ ಗಡಿಯಾರ ಓಡಿಸಿದೆ. ಸಂಜೆಗೆ ಹೋಟೆಲಿನವನು ಊರು ಬಿಟ್ಟು ಹೋಗು ಅಂದ. ಮರುದಿನ ನೋಡಿದರೆ ಊರಿಗೆ ಊರೇ ಕೈ ಮುಗಿಯುತ್ತಿದೆ! ಆಟ ಒಳಗೆ ಬರೆದಿಟ್ಟ ದಾಖಲೆ ತೆರೆದು ನೋಡಿದೆ. ಇಬ್ಬರು ಮುದುಕರು ಕಟ್ಟೆ ಮೇಲೆ ಕೂತು ಅದೇ ಸುದ್ದಿಯನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದಾರೆ. ಇವನು ಹೇಳಿದ್ದು ಅವನ ಲೆಕ್ಕಕ್ಕೆ ಕೂಡಿತು. ಅವನು ತಿರುಗಿ ಹೇಳಿದ್ದು ಇವನ ಲೆಕ್ಕಕ್ಕೆ ಕೂಡಿತು. ಹೀಗೆ ಬೆಳೆದು ಬೆಳೆದು 64 ಬಿಟ್ ಅಂಕಿಯ ಮಿತಿ ದಾಟಿ ಮೈನಸ್‌ಗೆ ಹೊರಳಿದೆ. ಮೈನಸ್ ಪಾಪ ಅಂದರೆ ಪುಣ್ಯ. ಕಳ್ಳ ಸಂತನಾದ.

(ಸಿವಿಲೈಸೇಷನ್ ಆಟದಲ್ಲಿ ಗಾಂಧಿ ಹೀಗೇ ಅಂಕಿ ಹೊರಳಿ ಅಣುಬಾಂಬ್ ಹಿಡಿದರು ಅನ್ನುವ ಕಥೆ ಇದೆಯಲ್ಲ, ಅದು ನಿಜ ಅಲ್ಲ. ಆ ಆಟ ಮಾಡಿದ ಸಿಡ್ ಮೈಯರ್ 2020ರ ತಮ್ಮ ಆತ್ಮಕಥೆಯಲ್ಲಿ ಹಾಗಾಗಿಲ್ಲ ಅಂತ ಬರೆದಿದ್ದಾರೆ. ನಮ್ಮ ಕಟ್ಟೆಯ ಮುದುಕರದ್ದು ಮಾತ್ರ ನಿಜ. ಸ್ಕ್ರೀನ್‌ಶಾಟ್ ಇದೆ.)

ಮೇಲೊಂದು ಮಿತಿ ಹಾಕಿ ನೋಡಿದೆ. ಒಂದು ಬದನೆಕಾಯಿ ಕದ್ದರೂ ಎಲ್ಲರ ಸಿಟ್ಟು ಮಿತಿ ಮುಟ್ಟಿ ನಿಂತಿತು. ಒಂದು ಸಲ ಹೇಳಿದ ಮೇಲೆ ಸ್ವಲ್ಪ ಹೊತ್ತು ಬಾಯಿ ಮುಚ್ಚಿರಬೇಕು ಅಂತ ಟೈಮರ್ ಇಟ್ಟೆ. ಸುದ್ದಿ ಹೋಟೆಲ್ ಮುಟ್ಟುವ ಮೊದಲೇ ಸತ್ತಿತು. ದಾಟುವಾಗ ಅರ್ಧ ಮಾಡಿದರೂ ಮುದುಕರು ಬಿಡಲಿಲ್ಲ, ಅರ್ಧರ್ಧವನ್ನೇ ಕೂಡಿಸುತ್ತಾ ಹೋದರು. ಇದರ ನಡುವೆ ಯುಪಿಎಸ್ ಕಾಟ. ಬ್ಯಾಟರಿ ಅಂಗಡಿಯವನು ಎರಡು ತಾಸು ಗ್ಯಾರಂಟಿ ಅಂದಿದ್ದ. ಪುಣ್ಯಾತ್ಮ, ಅದು ಪ್ರಾಜೆಕ್ಟ್ ಸೇವ್ ಆಗುವಷ್ಟು ಹೊತ್ತೂ ಇರುವುದಿಲ್ಲ.

ಗಂಟು ಬಿಚ್ಚಿದ್ದು ಕೂಡುವುದನ್ನು ನಿಲ್ಲಿಸಿದಾಗ. ಪ್ರತಿ ಘಟನೆಗೂ ಒಂದು ಐಡಿ. ಯಾರು, ಏನು, ಯಾರದ್ದು, ಎಲ್ಲಿ. ಊರವನ ಡಿಕ್ಷನರಿಯಲ್ಲಿ ಆ ಐಡಿ, ಅದರ ಎದುರು ಎಷ್ಟು ನಂಬಿದ್ದಾನೆ ಅನ್ನುವುದು. ಕಣ್ಣಾರೆ ಕಂಡರೆ 100. ಒಂದು ಬಾಯಿ ದಾಟಿದರೆ 70, ಇನ್ನೊಂದು ದಾಟಿದರೆ 49. ಅದೇ ಐಡಿ ಮತ್ತೆ ಕಿವಿಗೆ ಬಿದ್ದರೆ ಕೂಡುವುದಿಲ್ಲ. ಹಳೆಯದು, ಹೊಸದು, ಎರಡರಲ್ಲಿ ದೊಡ್ಡದನ್ನು ಇಟ್ಟುಕೊಳ್ಳುವುದು, ಅಷ್ಟೇ. ಸಾವಿರ ಸಲ ಕೇಳಿದರೂ ಒಂದೇ ಸಲ ಕೇಳಿದ ಲೆಕ್ಕ. ನಂಬಿಕೆ 20ಕ್ಕಿಂತ ಕೆಳಗಿಳಿದರೆ ಮುಂದೆ ಹೇಳುವುದಿಲ್ಲ. ಅಂದರೆ ಐದನೇ ಬಾಯಿಯಲ್ಲಿ ಸುದ್ದಿ ಸಾಯುತ್ತದೆ. ಇಷ್ಟೆಲ್ಲ ಒದ್ದಾಡಿದ ಮೇಲೆ ಕೂಡುವ ಜಾಗದಲ್ಲಿ ಬದಲಾದದ್ದು ಒಂದೇ ಸಾಲು: ಪ್ಲಸ್ ಇದ್ದಲ್ಲಿ ಮ್ಯಾಕ್ಸ್. ಮುದುಕರು ಈಗ ಬೇಕಾದಷ್ಟು ಹರಟಲಿ.

ಸ್ವಲ್ಪ ಬೇರೆ ಮಾತು. ಟೈಲ್‌ಸೆಟ್ (ಆಟಕ್ಕೆ ಬೇಕಾದ ಸಿದ್ಧ ಚಿತ್ರಗಳ ಕಟ್ಟು) ಮಾರುವವರಿಗೆ ಕೈ ಮುಗಿದು ಕೇಳುತ್ತೇನೆ, ಇಂಡಿಯಾದ ಹಳ್ಳಿ ಅಂದರೆ ತೆಂಗಿನ ಮರ, ಹೆಂಚಿನ ಮನೆ ಅಲ್ಲ ಮಾರಾಯರೇ. ದುಡ್ಡು ಕೊಟ್ಟು ತರಿಸಿದ ಪ್ಯಾಕ್ ತುಂಬ ಹಸಿರು ಗುಡ್ಡ. ನನಗೆ ಬೇಕಾದದ್ದು ಮಾಳಿಗೆ ಮನೆ, ಜಾಲಿ, ಬೇವು, ಎರೆ ಮಣ್ಣು. ದೂರು ಕೊಟ್ಟರೆ ಬಣ್ಣ ಬದಲಿಸಿಕೊಳ್ಳಿ ಅಂತ ಉತ್ತರ. ತೆಂಗಿನ ಮರಕ್ಕೆ ಕಂದು ಬಣ್ಣ ಬಳಿದರೆ ಜಾಲಿ ಆಗುತ್ತಾ? ಕೊನೆಗೆ ಎಲ್ಲ ಆಸೆಪ್ರೈಟ್‌ನಲ್ಲಿ (ಚಿತ್ರ ಬಿಡಿಸುವ ಸಾಫ್ಟ್‌ವೇರ್) ನಾನೇ ಬಿಡಿಸುತ್ತಿದ್ದೇನೆ.

ಗೋಡೆಯ ಟೈಲ್ ಬಿಡಿಸಲು ರಾಯಚೂರು ಕೋಟೆಗೆ ಹೋಗಿ ಫೋಟೋ ತೆಗೆಯುವಾಗ ಮುಂದಿನ ಪ್ರಾಜೆಕ್ಟ್ ಸಿಕ್ಕಿಬಿಟ್ಟಿತು. ಅಲ್ಲಿ 1294ರ ಶಾಸನದ ಬಂಡೆ ಇದೆಯಲ್ಲ, ಕಾಕತೀಯರ ಕಡೆಯ ಗೋರೆ ಗನ್ನಯ್ಯ ರೆಡ್ಡಿಯ ಕಾಲದ್ದು. ಉದ್ದ 40 ಅಡಿಗೂ ಜಾಸ್ತಿ. ಅದನ್ನು ಎಳೆದು ತಂದ ಬಗೆಯನ್ನೂ ಗೋಡೆಯ ಮೇಲೆ ಕೊರೆದಿದ್ದಾರೆ. ಗಾಡಿ, ಸಾಲುಗಟ್ಟಿ ಹೂಡಿದ ದನ, ಜೊತೆಗೆ ಜನ. ನೋಡಿದ ಕೂಡಲೇ ಅನಿಸಿತು, ಇದು ಫಿಸಿಕ್ಸ್ ಪಜಲ್ ಆಟ! ಗಣಿಯಿಂದ ಕೋಟೆಗೆ ಬಂಡೆ ಮುಟ್ಟಿಸಬೇಕು. ಅಚ್ಚು ಮುರಿಯಬಾರದು, ದನ ಸಾಯಬಾರದು. ಪಾಪ ಪುಣ್ಯದ ರಗಳೆಯೇ ಇಲ್ಲ. ಇವತ್ತೇ ಶುರು ಮಾಡಿಬಿಡೋಣ ಅನಿಸುತ್ತಿದೆ. ಮಾಡಲ್ಲ. ಮಾಡಬಾರದು.

ಸುದ್ದಿ ಸರಿಹೋದ ಮೇಲೆ ಬಿಲ್ಡ್ ಅನ್ನು ದೊಡ್ಡಪ್ಪನಿಗೆ ತೋರಿಸಿದೆ. ಅವರ ಹೊಲ ಸಿರವಾರದ ಕಡೆ, ಪಕ್ಕಾ ಕೊನೆ ಭಾಗ. ಆಟದಲ್ಲಿ ಮೇಲಿನ ಊರಿನ ತೂಬನ್ನು ಲಂಚಕ್ಕೆ ಎತ್ತಿ, ಸೈಕಲ್ ಹೊಡೆದುಕೊಂಡು ಕೊನೆಯ ಊರಿಗೆ ಬಂದೆ. ಸುದ್ದಿ ಐದು ಬಾಯಿ ದಾಟಿ ಅಲ್ಲಿಗೆ ಮುಟ್ಟಿಲ್ಲ. ಹೊಲ ಒಣಗಿದೆ. ಮಂದಿ ನಗುತ್ತಾ ನಮಸ್ಕಾರ ಅನ್ನುತ್ತಿದ್ದಾರೆ. ದೊಡ್ಡಪ್ಪ ಬಿದ್ದು ಬಿದ್ದು ನಕ್ಕರು.

"ಹಿಂಗ ಯಾರ್ ಸುಮ್ನ ಕುಂದರ್ತಾರಪಾ? ನೀರು ಬರ್ಲಿಲ್ಲಂದ್ರ ಯಾರಿಗಾದ್ರೂ ಬೈಬೇಕಲ್ಲ. ಮ್ಯಾಲೆ ತೂಬು ಎತ್ತಿದವ ಯಾರಂತ ನಮಗೆಲ್ಲಿ ಗೊತ್ತಾಕ್ಕೈತಿ? ಕಣ್ಣಿಗೆ ಕಾಣಾವ ನಮ್ಮೂರ ಗ್ಯಾಂಗ್‌ಮನ್. ಅವಂಗೇ ಬೈತೀವಿ."

ನಾನು ಹುಡುಕುತ್ತಿದ್ದ ತುಂಡು ಇದೇ. ಈಗ ಎರಡು ಪಟ್ಟಿ. ಒಂದರಲ್ಲಿ ನಿಜವಾಗಿ ಆದದ್ದು: ಯಾವ ಗೇಟ್ ಎಷ್ಟು ಎತ್ತಿದೆ, ಯಾವ ತೂಬಿಗೆ ಎಷ್ಟು ನೀರು. ಇನ್ನೊಂದರಲ್ಲಿ ಮಂದಿ ನಂಬಿದ್ದು. ಹೊಲ ಒಣಗಿತು, ಆದರೆ ಕಾರಣ ತೋರಿಸುವ ಘಟನೆ ಡಿಕ್ಷನರಿಯಲ್ಲಿ ಇಲ್ಲ ಅಂದರೆ, ಊರವನು ಹತ್ತಿರ ಕಾಣುವವನ ಮೇಲೆ ಹೊರಿಸುತ್ತಾನೆ. ಕೊನೆಯ ಊರಿನಲ್ಲಿ ಗುತ್ತಿಗೆ ಮೇಲೆ ದುಡಿಯುವ ಒಬ್ಬ ಹುಡುಗನಿದ್ದಾನೆ. ಇಲ್ಲಿಯವರೆಗೆ ಅವನಿಗೆ ಸುಮ್ನೆ ನಿಲ್ಲುವುದೇ ಕೆಲಸವಾಗಿತ್ತು. ಈಗ ಬೈಗುಳವೆಲ್ಲ ಅವನಿಗೆ. ಜಾಸ್ತಿ ಆದರೆ ಕೆಲಸವೂ ಹೋಗುತ್ತದೆ. ಆಟಗಾರ ಅಲ್ಲಿಗೆ ಹೋದರೆ ಎರಡು ದಾರಿ. ತೂಬು ಎತ್ತಿದ್ದು ನಾನು ಅಂತ ಹೇಳುವುದು, ಇಲ್ಲ ಚಹಾ ಕುಡಿದು ಬರುವುದು. ಎರಡಕ್ಕೂ ಅಂಕ ಇಲ್ಲ. ಹೇಳಿದರೆ ಆ ಊರಿನಲ್ಲಿ ಹೊಸ ಘಟನೆ ಹುಟ್ಟಿ, ಬಾಯಿಂದ ಬಾಯಿಗೆ ಕಾಲುವೆಯ ಮೇಲಕ್ಕೆ ಹೋಗಿ, ಲಂಚ ಕೊಟ್ಟವರ ಕಿವಿಯನ್ನೂ ಮುಟ್ಟುತ್ತದೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿ ಹೋದದ್ದನ್ನೂ ಆಟದಲ್ಲಿ ಹಾಕು ಅಂತ ಗೆಳೆಯರು ಪೀಡಿಸುತ್ತಿದ್ದಾರೆ. ಹಾಕಲ್ಲ. ನೋಡಲು ಭರ್ಜರಿಯಾಗಿರುತ್ತದೆ, ಆದರೆ ನನ್ನ ಗ್ಯಾಂಗ್‌ಮನ್ ಅಲ್ಲಿ ಮಾಡುವಂಥದ್ದು ಏನೂ ಇಲ್ಲ. ಬರೀ ನಿಂತು ನೋಡುವುದಾದರೆ ಸಿನಿಮಾ ಸಾಕು.

ಹೊಸ ಬಿಲ್ಡ್ ಅಕ್ಕನ ಮಗನ ಕೈಗೆ ಹೋಯಿತು. ಕೊನೆಯ ಊರಿಗೆ ಬಂದ. ಸೇವ್ ಮಾಡಿದ. ನಿಜ ಹೇಳಿ ನೋಡಿದ. ಲೋಡ್ ಮಾಡಿದ. ಚಹಾ ಕುಡಿದು ನೋಡಿದ. ಮತ್ತೆ ಲೋಡ್ ಮಾಡಿ, "ಯಾವ್ದಕ್ಕೂ ಏನೂ ಸಿಗಂಗಿಲ್ಲಲ್ಲ ಮಾಮಾ" ಅಂತ ಮುಖ ಸಣ್ಣದು ಮಾಡಿದ. ಅಂಡರ್‌ಟೇಲ್ (2015) ಇದಕ್ಕೆ ಮದ್ದು ಅರೆದಿದೆ. ಅಲ್ಲಿ ಒಬ್ಬರನ್ನು ಕೊಂದು, ಮನಸ್ಸು ತಡೆಯದೆ ಹಳೆಯ ಸೇವ್‌ಗೆ ಹೋಗಿ ಉಳಿಸಿದರೂ, ನೀನು ಮೊದಲು ಏನು ಮಾಡಿದ್ದೆ ಅಂತ ಗೊತ್ತು ಅಂತ ಆಟವೇ ಹೇಳುತ್ತದೆ. ನಾನೂ ಘಟನೆಗಳ ಪಟ್ಟಿಯನ್ನು ಸೇವ್ ಫೈಲ್‌ನ ಹೊರಗೆ ಬೇರೆ ಫೈಲ್‌ನಲ್ಲಿ ಇಡಬೇಕು ಅಂದುಕೊಂಡಿದ್ದೇನೆ. ಗುಡಿ ಮುಂದಿನ ಮುದುಕಿಗೆ ಮಾತ್ರ ಅದನ್ನು ಓದಲು ಬರುತ್ತದೆ. ಹುಡುಗನಿಗೆ ಹೇಳಿದೆ. ಆ ಫೈಲ್ ಯಾವ ಫೋಲ್ಡರ್‌ನಲ್ಲಿ ಇರುತ್ತದೆ ಅಂತ ಆಗಲೇ ಕೇಳುತ್ತಿದ್ದಾನೆ.