ನಂಬರ್ ಫೋನಿನಲ್ಲಿ ಹೋಗುತ್ತದೆ, ವೇವ್ ಹೋಗುವುದಿಲ್ಲ

ನಾನು ಒಂದು ಖಾಸಗಿ ಆಸ್ಪತ್ರೆಯ ಸೆಂಟ್ರಲ್ ಮಾನಿಟರಿಂಗ್ ರೂಮಿನಲ್ಲಿ ಕಾರ್ಡಿಯಾಕ್ ಟೆಕ್ನಿಷಿಯನ್. ನಾಲ್ಕು ಸ್ಕ್ರೀನ್, ನೈಟ್‌ನಲ್ಲಿ ಒಬ್ಬನೇ. ಐಸಿಯುಗಿಂತ ಒಂದು ಹಂತ ಕಡಿಮೆ ನಿಗಾ ಇರುವ ಸ್ಟೆಪ್‌ಡೌನ್ ವಾರ್ಡ್, ಕಾರ್ಡಿಯಾಲಜಿ ವಾರ್ಡ್, ವೈರ್ ಇಲ್ಲದೆ ಇಸಿಜಿ ಕಳಿಸುವ ಟೆಲಿಮೆಟ್ರಿ ಬಾಕ್ಸ್ ನೇತುಹಾಕಿಕೊಂಡು ಓಡಾಡುವ ಪೇಷಂಟ್‌ಗಳು, ಎಲ್ಲರ ರಿದಮ್, ಅಂದರೆ ಹೃದಯ ಬಡಿತದ ಇಸಿಜಿ ಗೆರೆ, ಇಲ್ಲಿಗೇ ಬರುತ್ತದೆ. ಆ ಗೆರೆಯ ಏರಿಳಿತಕ್ಕೆ ನಾವು ವೇವ್ ಅನ್ನುತ್ತೇವೆ. ಇಲ್ಲಿಂದ ಹೊರಗೆ ಹೋಗುವುದು ಮಾತ್ರ ಬರೀ ನಂಬರ್. "ಹನ್ನೆರಡನೇ ಬೆಡ್, ರೇಟ್ ನೂರಿಪ್ಪತ್ತು." ಸಿಸ್ಟರ್ ಬರೆದುಕೊಳ್ಳುತ್ತಾರೆ, ಡಾಕ್ಟರಿಗೆ ಹೇಳುತ್ತಾರೆ. ಅದು ಕೇಸ್‌ಶೀಟಿಗೆ ಹೋಗುತ್ತದೆ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಅದನ್ನೇ ಓದುತ್ತಾರೆ. ಆ ನಂಬರ್ ಯಾವ ವೇವ್‌ನಿಂದ ಬಂತು ಅಂತ ದಾರಿಯಲ್ಲಿ ಯಾರೂ ಕೇಳುವುದಿಲ್ಲ.

ಈ ಪದ್ಧತಿ ಅಪಾಯ ಅಂತ ನಾನು ಮೀಟಿಂಗ್‌ಗಳಲ್ಲಿ ಹಟ ಹಿಡಿದು ಮಾತಾಡುವುದಕ್ಕೆ ಒಂದು ನೈಟ್ ಕಾರಣ.

ಪೇಷಂಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಯಸ್ಸಾದವರು. ವಾರಕ್ಕೆ ಎರಡು ಸಲ ಡಯಾಲಿಸಿಸ್. ಹಿಂದೆ ಒಂದು ಸ್ಟೆಂಟ್ ಹಾಕಿದ್ದರು. ಮನೆಯಲ್ಲಿ ಮದುವೆ ಅಂತ ಆ ವಾರ ಒಂದು ಡಯಾಲಿಸಿಸ್ ತಪ್ಪಿತ್ತು. ಸಂಜೆ ಉಬ್ಬಸ, ಎದೆ ಬಿಗಿತ ಅಂತ ಬಂದರು. ರಕ್ತದ ಪೊಟ್ಯಾಸಿಯಂ 5.8 ಬಂತು, ಇರಬೇಕಾದ್ದಕ್ಕಿಂತ ಜಾಸ್ತಿ. ಬೆಳಿಗ್ಗೆ ಮೊದಲ ಶಿಫ್ಟ್‌ನಲ್ಲಿ ಡಯಾಲಿಸಿಸ್ ಅಂತ ಬರೆದು ಸ್ಟೆಪ್‌ಡೌನ್ ಎಂಟನೇ ಬೆಡ್‌ಗೆ ಹಾಕಿದರು. ನಾನು ಡ್ಯೂಟಿ ತೆಗೆದುಕೊಂಡಾಗ ಸೈನಸ್ ರಿದಮ್, ಅಂದರೆ ಹೃದಯದ ಸಹಜ ಲಯ, ರೇಟ್ 66. ಪ್ರತಿ ಬಡಿತದ ಕೊನೆಗೆ ಬರುವ ಟಿ ವೇವ್ ಸ್ವಲ್ಪ ಚೂಪಾಗಿತ್ತು, ಪೊಟ್ಯಾಸಿಯಂ ಏರಿದಾಗ ಹಾಗಾಗುತ್ತದೆ. ಹ್ಯಾಂಡೋವರ್ ಪುಸ್ತಕದಲ್ಲಿ ಅದೂ ಇತ್ತು.

ರಾತ್ರಿ ಒಂದೂವರೆ ದಾಟಿದ ಮೇಲೆ ಎಂಟನೇ ಬೆಡ್‌ನಿಂದ ಹಳದಿ ಅಲಾರಂ ಶುರುವಾಯಿತು. ಎಚ್‌ಆರ್ ಹೈ, ಅಂದರೆ ಹಾರ್ಟ್ ರೇಟ್ ಜಾಸ್ತಿ. ವಾರ್ಡಿನಲ್ಲಿ ಸಿಸ್ಟರ್ ಸೈಲೆನ್ಸ್ ಒತ್ತಿದರು. ಮತ್ತೆ ಹೊಡೆಯಿತು. ಮತ್ತೆ ಸೈಲೆನ್ಸ್. ಆಮೇಲೆ ಅಲಾರಂ ಸುಮ್ಮನಾಯಿತು. ನೋಡಿದರೆ ಬೆಡ್‌ಸೈಡ್‌ನಲ್ಲಿ ಅಪ್ಪರ್ ಲಿಮಿಟ್ 140ಕ್ಕೆ ಏರಿಸಿದ್ದಾರೆ. ಸ್ಕ್ರೀನಿನಲ್ಲಿ ದೊಡ್ಡ ಹಸಿರು ಅಕ್ಷರದಲ್ಲಿ 118.

ಟ್ರೆಂಡ್ ತೆಗೆದೆ. ನಿಜವಾದ ಸೈನಸ್ ಟ್ಯಾಕಿ, ಅಂದರೆ ಸಹಜ ಲಯದಲ್ಲೇ ಬಡಿತ ವೇಗವಾಗುವುದು, ಮೆಟ್ಟಿಲು ಹತ್ತುತ್ತದೆ. 66, 74, 85, 97, ಹೀಗೆ. ಇಲ್ಲಿ ಮೆಟ್ಟಿಲೇ ಇರಲಿಲ್ಲ. ಸ್ವಲ್ಪ ಹೊತ್ತು 62, ತಕ್ಷಣ 124, ಮತ್ತೆ 61, ಆಮೇಲೆ ಒಂದೇ ಸಮನೆ 118. ಎರಡರ ಲೆಕ್ಕ. ಹೃದಯ ಇಷ್ಟು ಕರಾರುವಾಕ್ಕಾಗಿ ದುಪ್ಪಟ್ಟು ಆಗುವುದು ಅಪರೂಪ. ಮಷಿನ್ ತಪ್ಪಾಗಿ ಎಣಿಸುತ್ತಿರಬಹುದು ಅನ್ನಿಸಿತು.

ಸ್ಕ್ರೀನ್ ಫ್ರೀಜ್ ಮಾಡಿ, ದೂರ ಅಳೆಯುವ ಕ್ಯಾಲಿಪರ್ ಹಾಕಿದೆ. ಆರ್ ಅನ್ನುವುದು ಪ್ರತಿ ಬಡಿತದ ಮುಖ್ಯ ಅಲೆಯ ತುದಿ. ಆರ್‌ನಿಂದ ಆರ್‌ಗೆ 26 ಸಣ್ಣ ಚೌಕ. ಒಂದು ನಿಮಿಷಕ್ಕೆ 1500 ಸಣ್ಣ ಚೌಕ. 1500 ಭಾಗಿಸು 26, ಹತ್ತಿರ ಹತ್ತಿರ 58. ಟಿ ವೇವ್ ಆರ್‌ಗಿಂತ ಮೇಲೆ ಹೋಗಿತ್ತು, ಮದುವೆ ಶಾಮಿಯಾನದ ನಡುಗಂಬ ಎತ್ತಿದ ಹಾಗೆ ಬುಡ ಕಿರಿದು, ತುದಿ ಚೂಪು. ಮಾನಿಟರ್ ಅದನ್ನೂ ಒಂದು ಕ್ಯೂಆರ್‌ಎಸ್, ಅಂದರೆ ಬಡಿತದ ಮುಖ್ಯ ಅಲೆ, ಅಂತ ಎಣಿಸುತ್ತಿತ್ತು. ಅದಕ್ಕೆ ಮೊದಲು ಬರಬೇಕಾದ ಸಣ್ಣ ಪಿ ವೇವ್ ಹುಡುಕಿದರೂ ಕಾಣಲಿಲ್ಲ. ಬೆರಳಿನ ಕ್ಲಿಪ್‌ನಿಂದ ರಕ್ತದ ಆಮ್ಲಜನಕ ತೋರಿಸುವ ಎಸ್‌ಪಿಒಟೂ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪಲ್ಸ್ ರೇಟ್ ಇರುತ್ತದಲ್ಲ, ಅಲ್ಲಿ 58. ಪ್ರೈಮರಿ ಲೀಡ್, ಅಂದರೆ ಮಾನಿಟರ್ ಎಣಿಸಲು ಹೃದಯವನ್ನು ನೋಡುವ ಕೋನ, ಎರಡನೇ ಲೀಡ್‌ನಿಂದ ವಿ ಲೀಡ್‌ಗೆ ಬದಲಾಯಿಸಿದೆ. ವಿಯಲ್ಲಿ ಟಿ ಚಿಕ್ಕದಾಗಿತ್ತು. ಕೆಲವೇ ಸೆಕೆಂಡಿನಲ್ಲಿ ಹಸಿರು ನಂಬರ್ 118ರಿಂದ 58ಕ್ಕೆ ಬಿತ್ತು.

ವಾರ್ಡಿಗೆ ಫೋನ್ ಹಚ್ಚಿದೆ. ಎಂಗೇಜ್. ಡ್ಯೂಟಿ ಡಾಕ್ಟರ್ ಮೊಬೈಲ್‌ಗೆ ಮಾಡಿದೆ. ಅದೂ ಬೇರೆ ಕಾಲ್‌ನಲ್ಲಿ. ಮತ್ತೆ ವಾರ್ಡ್. ಮತ್ತೆ ಎಂಗೇಜ್. ಒಬ್ಬರ ಫೋನ್ ಎಂಗೇಜ್ ಇರಲು ಇನ್ನೊಬ್ಬರೇ ಕಾರಣ ಅಂತ ಆಗ ಹೊಳೆಯಿತು. ಸಿಸ್ಟರ್ ಡಾಕ್ಟರಿಗೆ 118 ಹೇಳುತ್ತಿದ್ದಾರೆ. ಸ್ಟೆಂಟ್ ಹಾಕಿದ ಪೇಷಂಟ್, ಎದೆ ಬಿಗಿತ, ರೇಟ್ 118. ಆ ಕಡೆಯಿಂದ ರೇಟ್ ಇಳಿಸುವ ಔಷಧಿಯ ಆರ್ಡರೇ ಬರುತ್ತದೆ ಅಂತ ನಮ್ಮ ಕೆಲಸದಲ್ಲಿ ಇರುವವರಿಗೆ ಹೇಳಬೇಕಾಗಿಲ್ಲ.

ಎದ್ದು ಓಡಬಹುದಿತ್ತು. ಸ್ಟೆಪ್‌ಡೌನ್ ಇರುವುದು ಎರಡು ಮಹಡಿ ಮೇಲೆ. ಆದರೆ ನಾನು ಎದ್ದರೆ ಉಳಿದ ಬೆಡ್‌ಗಳನ್ನು ನೋಡುವವರು ಯಾರೂ ಇಲ್ಲ. ಅದರಲ್ಲಿ ಒಬ್ಬರಿಗೆ ಅದೇ ಸಂಜೆ ವಿಟಿ ರನ್, ಅಂದರೆ ಹೃದಯದ ಕೆಳಕೋಣೆಯಿಂದ ಅಪಾಯದ ವೇಗದ ಬಡಿತ, ಬಂದಿತ್ತು. ಕುರ್ಚಿ ಖಾಲಿ ಬಿಡಬಾರದು ಅನ್ನುವ ನಿಯಮ ಸರಿಯಾದದ್ದೇ. ರಾತ್ರಿ ಅಲ್ಲಿಗೆ ಒಬ್ಬನನ್ನೇ ಹಾಕುವುದು ಮಾತ್ರ ಸರಿಯಲ್ಲ. ಎಂಟನೇ ಬೆಡ್‌ನ ಕ್ಯೂಆರ್‌ಎಸ್ ಕಣ್ಣೆದುರೇ ಅಗಲವಾಗುತ್ತಿತ್ತು. ಮೊದಲು ಎರಡೂವರೆ ಚೌಕ ಇದ್ದದ್ದು ಮೂರು ದಾಟಿತ್ತು. ಹೀಗೇ ಬಿಟ್ಟರೆ ಕ್ಯೂಆರ್‌ಎಸ್, ಟಿ ಎರಡೂ ಕೂಡಿಕೊಂಡು ನುಣುಪಾದ ಒಂದೇ ಅಲೆ, ಸೈನ್ ವೇವ್ ಆಗುತ್ತದೆ. ಅಲ್ಲಿಂದ ಮುಂದೆ ಹೃದಯ ನಿಲ್ಲುವುದಕ್ಕೆ, ಅರೆಸ್ಟ್‌ಗೆ, ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಸ್ಟೆಪ್‌ಡೌನ್ ಇರುವ ಮಹಡಿಯಲ್ಲೇ ಇರುವ ಐಸಿಯುಗೆ ಫೋನ್ ಮಾಡಿದೆ. ಇನ್‌ಚಾರ್ಜ್ ಸಿಸ್ಟರ್ ಹಳಬರು, ಅವರೇ ಎತ್ತಿದರು.

"ಸಿಸ್ಟರ್, ಸ್ಟೆಪ್‌ಡೌನ್ ಎಂಟನೇ ಬೆಡ್‌ಗೆ ಈಗಲೇ ಹೋಗಿ. ಕೈ ಹಿಡಿದು ಪಲ್ಸ್ ಎಣಿಸಿ. ಮಾನಿಟರ್ ನೋಡ್ಬೇಡಿ. ಅಲ್ಲಿಂದಲೇ ನಿಮ್ಮ ಮೊಬೈಲ್‌ನಲ್ಲಿ ಫೋನ್ ಮಾಡಿ."

ಯಾಕೆ ಅಂತ ಅವರು ಕೇಳಲಿಲ್ಲ. ಅದಕ್ಕೆ ಇವತ್ತಿಗೂ ನಾನು ಅವರಿಗೆ ಋಣಿ. ಸ್ವಲ್ಪ ಹೊತ್ತಿಗೆ ಫೋನ್ ಬಂತು.

"ಐವತ್ತಾರು ಬ್ರದರ್. ಪೇಷಂಟ್ ತುಂಬಾ ಸುಸ್ತು, ಕೈಕಾಲು ಎತ್ತೋಕೆ ಆಗ್ತಿಲ್ಲ ಅಂತಿದ್ದಾರೆ. ಇಲ್ಲಿ ಇಂಜೆಕ್ಷನ್ ಲೋಡ್ ಮಾಡಿದ್ದಾರೆ."

"ಯಾವುದು?"

"ಮೆಟೊಪ್ರೊಲಾಲ್."

ನಿಜವಾದ ರೇಟ್ 56. ಪೊಟ್ಯಾಸಿಯಂ ಏರುತ್ತಿರುವ ಹೃದಯ. ಅದಕ್ಕೆ ಬೀಟಾ ಬ್ಲಾಕರ್. ಆ ಔಷಧಿ ರೇಟ್ ಇಳಿಸುತ್ತದೆ, ಜೊತೆಗೆ ಪೊಟ್ಯಾಸಿಯಂ ಜೀವಕೋಶದ ಒಳಗೆ ಹೋಗುವುದಕ್ಕೂ ಸ್ವಲ್ಪ ಮಟ್ಟಿಗೆ ಅಡ್ಡಿ ಮಾಡಬಹುದು. ಆರ್ಡರ್ ಡಾಕ್ಟರದ್ದು. ನಾನು ಟೆಕ್ನಿಷಿಯನ್, ನಿಲ್ಲಿಸಿ ಅನ್ನುವ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ. ಆದರೂ ಹೇಳಿದೆ. "ಡಾಕ್ಟರ್ ಇಸಿಜಿ ಸ್ಟ್ರಿಪ್ ನೋಡುವ ತನಕ ಕೊಡಬೇಡಿ. ಮಾನಿಟರ್ ರೂಮಿನವರು ಹೇಳಿದ್ರು ಅಂತ ನನ್ನ ಹೆಸರು ಹಾಕಿ, ಟೈಮ್ ಹಾಕಿ ನೋಟ್ಸ್‌ನಲ್ಲಿ ಬರೆಯಿರಿ." ಹಿಂದಿನಿಂದ ವಾರ್ಡ್ ಸಿಸ್ಟರ್ ಧ್ವನಿ ಕೇಳಿಸಿತು, "ಡಾಕ್ಟರ್ ಸ್ಟಾಟ್, ತಕ್ಷಣ ಕೊಡಿ ಅಂದಿದ್ದಾರೆ, ಲೇಟ್ ಆದ್ರೆ ನನ್ನನ್ನೇ ಕೇಳ್ತಾರೆ." ಹೊಸ ಹುಡುಗಿ. ಅವಳ ಭಯ ನ್ಯಾಯವಾದದ್ದೇ. ಇನ್‌ಚಾರ್ಜ್ ಸಿಸ್ಟರ್ ಅವಳ ಕೈಯಿಂದ ಸಿರಿಂಜ್ ತೆಗೆದುಕೊಂಡು ಟ್ರೇಯಲ್ಲಿ ಇಟ್ಟರಂತೆ.

ಅಷ್ಟರಲ್ಲಿ ಡಾಕ್ಟರ್ ಫೋನ್ ಸಿಕ್ಕಿತು. ಅವರು ಎಮರ್ಜೆನ್ಸಿಯಲ್ಲಿ ಇನ್ನೊಂದು ಕೇಸ್ ಜೊತೆ ನಿಂತಿದ್ದರು. ಒಂದೇ ಉಸಿರಿಗೆ ಹೇಳಿದೆ. "ಸರ್, ಸ್ಟೆಪ್‌ಡೌನ್ ಎಂಟು ಡಬಲ್ ಕೌಂಟ್. ಕೈಯಲ್ಲಿ ಎಣಿಸಿದ್ರೆ 56. ಟಿ ವೇವ್ ಆರ್‌ಗಿಂತ ಎತ್ತರ, ಪಿ ಇಲ್ಲ, ಕ್ಯೂಆರ್‌ಎಸ್ ಅಗಲ ಆಗ್ತಿದೆ. ಡಯಾಲಿಸಿಸ್ ಪೇಷಂಟ್. ಮೆಟೊಪ್ರೊಲಾಲ್ ತಡೆದಿದ್ದೀವಿ." ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. "ಬಂದೆ. ಎಬಿಜಿ ತೆಗೆಯೋಕೆ ಹೇಳಿ, ಕ್ಯಾಲ್ಸಿಯಂ ರೆಡಿ ಇಡಿ" ಅಂದರು.

ಎಬಿಜಿ ಅಂದರೆ ಅಪಧಮನಿ ರಕ್ತದ ತುರ್ತು ಪರೀಕ್ಷೆ. ಅದರ ಮಷಿನ್‌ನಲ್ಲಿ ಪೊಟ್ಯಾಸಿಯಂ 7.4 ಬಂತು, ಪ್ರಾಣಕ್ಕೇ ಅಪಾಯ. ಕ್ಯಾಲ್ಸಿಯಂ ಗ್ಲೂಕೋನೇಟ್ ಹತ್ತು ಎಂಎಲ್ ನಿಧಾನವಾಗಿ ಹೋಗುವಾಗ ನಾನು ಆ ಒಂದು ವೇವ್ ಬಿಟ್ಟು ಕಣ್ಣು ತೆಗೆಯಲಿಲ್ಲ. ಕ್ಯಾಲ್ಸಿಯಂ ಪೊಟ್ಯಾಸಿಯಂ ಇಳಿಸುವುದಿಲ್ಲ, ಹೃದಯವನ್ನು ಸ್ವಲ್ಪ ಹೊತ್ತು ಕಾಯುತ್ತದೆ ಅಷ್ಟೇ. ಆದರೆ ಕೆಲಸ ಶುರುವಾಗಲು ನಿಮಿಷಗಳು ಸಾಕು. ಮೊದಲು ಕ್ಯೂಆರ್‌ಎಸ್ ಕಿರಿದಾಯಿತು. ಆಮೇಲೆ ಅದರ ಮುಂದೆ ಒಂದು ಸಣ್ಣ ಉಬ್ಬು, ಪಿ ವೇವ್, ಒಂದು ಬೀಟ್‌ನಲ್ಲಿ ಇದ್ದ ಹಾಗೆ, ಇನ್ನೊಂದರಲ್ಲಿ ಇಲ್ಲದ ಹಾಗೆ. ಸ್ವಲ್ಪ ಹೊತ್ತಿಗೆ ಎಲ್ಲ ಬೀಟ್‌ನಲ್ಲೂ ಬಂತು. ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್, ಡೆಕ್ಸ್‌ಟ್ರೋಸ್, ಸಾಲ್ಬುಟಮಾಲ್ ನೆಬ್ಯುಲೈಸೇಶನ್ ಹೋದವು. ಡಯಾಲಿಸಿಸ್ ಟೆಕ್ನಿಷಿಯನ್‌ನನ್ನು ಮನೆಯಿಂದ ಕರೆಸಿದರು. ಆ ಪೇಷಂಟ್ ಮನೆಗೆ ನಡೆದುಕೊಂಡು ಹೋದರು.

ಬೆಡ್ ಪಕ್ಕದ ಲಾಕರ್ ಹತ್ತಿರ ಎಳನೀರಿನ ಖಾಲಿ ಬಾಟಲಿಗಳು ಸಿಕ್ಕವು. ಅಪ್ಪ ಸುಸ್ತಾಗಿದ್ದಾರೆ, ತಂಪಾಗಲಿ ಅಂತ ಮಗ ತಂದು ಕುಡಿಸಿದ್ದ. ನಮ್ಮ ಕಡೆ ಆಸ್ಪತ್ರೆಗೆ ಹೋಗುವವರು ಎಳನೀರು, ಬಾಳೆಹಣ್ಣು, ಮೂಸಂಬಿ ಬಿಟ್ಟು ಇನ್ನೇನು ಒಯ್ಯುತ್ತಾರೆ? ಕಿಡ್ನಿ ಕೆಲಸ ಮಾಡದವರಿಗೆ ಎಳನೀರಿನ ಪೊಟ್ಯಾಸಿಯಂ ವಿಷ ಅಂತ ಆ ಹುಡುಗನಿಗೆ ಅರ್ಥವಾಗುವ ಹಾಗೆ ಯಾರು ಹೇಳಿದ್ದರು? ಕೊಟ್ಟ ಡಯಟ್ ಶೀಟ್ ಪೂರ್ತಿ ಇಂಗ್ಲಿಷ್‌ನಲ್ಲಿತ್ತು. ಇದು ನನ್ನ ಡಿಪಾರ್ಟ್‌ಮೆಂಟ್ ವಿಷಯ ಅಲ್ಲ, ಆದರೂ ಹೇಳದೆ ಇರಲು ಆಗುವುದಿಲ್ಲ. ಆ ಹಾಳೆ ಕನ್ನಡದಲ್ಲಿ ಇರಬೇಕು, ಅದರ ಮೊದಲ ಸಾಲಿನಲ್ಲೇ ಎಳನೀರು ಇರಬೇಕು.

ಆಮೇಲೆ ಎಲ್ಲರೂ ವಾರ್ಡ್ ಸಿಸ್ಟರ್ ಕಡೆ ಬೊಟ್ಟು ಮಾಡಿದರು. ಅಲಾರಂ ಯಾಕೆ ಸೈಲೆನ್ಸ್ ಮಾಡಿದೆ, ಲಿಮಿಟ್ ಯಾಕೆ ಏರಿಸಿದೆ ಅಂತ. ನಾನು ಒಪ್ಪಲಿಲ್ಲ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇದೆ. ಐದು ಐಸಿಯು, 461 ಪೇಷಂಟ್, 31 ದಿನ. ಮಾನಿಟರ್‌ಗಳು ಎಬ್ಬಿಸಿದ ಅಲಾರಂ 25 ಲಕ್ಷಕ್ಕೂ ಜಾಸ್ತಿ. ಅದರಲ್ಲಿ 12,671 ಅರಿದ್ಮಿಯಾ (ಲಯ ತಪ್ಪಿದ ಬಡಿತ) ಅಲಾರಂಗಳನ್ನು ಒಂದೊಂದಾಗಿ ಕೂತು ನೋಡಿದಾಗ 88.8 ಶೇಕಡಾ ಸುಳ್ಳು. ಅಷ್ಟು ದೊಡ್ಡ ಕೇಂದ್ರದಲ್ಲೇ ಹೀಗೆ. ಪೇಷಂಟ್ ಹಲ್ಲುಜ್ಜಿದರೆ ವಿಟಿ ಅಂತ ಕೂಗುತ್ತದೆ, ಬೆವರಿಗೆ ಎಲೆಕ್ಟ್ರೋಡ್ ಸಡಿಲವಾದರೆ ಅಸಿಸ್ಟೊಲ್, ಅಂದರೆ ಹೃದಯ ನಿಂತಿದೆ, ಅಂತ ಕೂಗುತ್ತದೆ. ಇಡೀ ರಾತ್ರಿ ಇದನ್ನೇ ಕೇಳುವ ಹುಡುಗಿ ಸೈಲೆನ್ಸ್ ಒತ್ತಿದ್ದಕ್ಕೆ ಅವಳಿಗೆ ಮೆಮೊ ಕೊಡುವುದು ಅನ್ಯಾಯ. ಅವಳು ಡಾಕ್ಟರಿಗೆ ಫೋನ್ ಮಾಡಿದ್ದಾಳೆ. ಸ್ಕ್ರೀನಿನಲ್ಲಿ ಕಂಡ ನಂಬರನ್ನೇ ಹೇಳಿದ್ದಾಳೆ.

ತಪ್ಪಿದ್ದು ಬೇರೆ ಕಡೆ. ಜ್ವರ, ನಾಡಿ, ಉಸಿರು ಬರೆಯುವ ಟಿಪಿಆರ್ ಚಾರ್ಟ್‌ನಲ್ಲಿ ಪಲ್ಸ್ ಅಂತ ಒಂದು ಕಾಲಂ ಇದೆ. ಮೊದಲು ಸಿಸ್ಟರ್‌ಗಳು ಮಣಿಕಟ್ಟು ಹಿಡಿದು, ಎದೆಯ ಮೇಲಿನ ವಾಚ್ ನೋಡಿ ಅದನ್ನು ತುಂಬುತ್ತಿದ್ದರು. ಈಗ ಮಾನಿಟರ್‌ನ ಹಸಿರು ನಂಬರ್ ನೋಡಿ ತುಂಬುತ್ತಾರೆ. ಒಬ್ಬ ಸಿಸ್ಟರ್‌ಗೆ ಅಷ್ಟೊಂದು ಬೆಡ್ ಕೊಟ್ಟರೆ ಇನ್ನೇನು ಮಾಡುತ್ತಾರೆ? ಆ ರಾತ್ರಿ ಚಾರ್ಟ್‌ನಲ್ಲಿ ಪಲ್ಸ್ 118, ಎಚ್‌ಆರ್ 118. ಎರಡು ಕಡೆ ಬರೆದರೂ ನೋಡಿದ್ದು ಒಂದೇ ನಂಬರ್.

ಇನ್ನೊಂದು, ವೇವ್ ಕಳಿಸುವ ವ್ಯವಸ್ಥೆ. ಇಸಿಜಿ ಯಂತ್ರ ರೂಪಿಸಿದ ವಿಲ್ಲೆಮ್ ಐಂಥೋವನ್ 1905ರಲ್ಲೇ ನೆದರ್ಲೆಂಡ್ಸ್‌ನ ಲೈಡನ್‌ನಲ್ಲಿ, ಆಸ್ಪತ್ರೆಯಲ್ಲಿದ್ದ ರೋಗಿಯ ಇಸಿಜಿಯನ್ನು ಟೆಲಿಫೋನ್ ತಂತಿಯ ಮೂಲಕ ಸುಮಾರು ಒಂದೂವರೆ ಕಿಲೋಮೀಟರ್ ದೂರದ ತಮ್ಮ ಲ್ಯಾಬ್‌ಗೆ ತರಿಸಿಕೊಂಡಿದ್ದರು. ಆ ತಂತಿಯಲ್ಲಿ ಬಂದದ್ದು ವೇವ್. ನಮ್ಮ ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯನ್ನೇ ನೋಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ಎದೆನೋವು ಅಂತ ಬಂದವರ ಇಸಿಜಿ ಜಯದೇವದಂಥ ಹಬ್‌ಗೆ ಹೋಗುತ್ತದೆ. ಅಲ್ಲಿಯ ತಜ್ಞರು ನೋಡಿ ಹೇಳಿದ ಮೇಲೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಕೊಡುತ್ತಾರೆ. ಇಡೀ ಟ್ರೇಸ್ ಎದುರಿಗೆ ಇಟ್ಟುಕೊಂಡೇ ನಿರ್ಧಾರ. ಒಂದು ತಾಲ್ಲೂಕು ಆಸ್ಪತ್ರೆಗೆ ಆಗುವುದು ಒಂದೇ ಕಟ್ಟಡದ ಎರಡು ಮಹಡಿಗಳ ನಡುವೆ ಆಗುವುದಿಲ್ಲ ಅಂದರೆ ನನಗೆ ಸಿಟ್ಟು ಬರುತ್ತದೆ.

ಕ್ವಾಲಿಟಿ ಮೀಟಿಂಗ್‌ನಲ್ಲಿ ಇದನ್ನೆಲ್ಲ ಹೇಳಿದೆ. ಇನ್ಸಿಡೆಂಟ್ ಫಾರ್ಮ್ ತುಂಬಿಸಿದರು, ರೂಟ್ ಕಾಸ್, ಅಂದರೆ ಮೂಲ ಕಾರಣ, ಅಂತ ಚಾರ್ಟ್ ಬರೆದರು, ಕೊನೆಗೆ ವಾರ್ಡ್ ಸಿಸ್ಟರ್‌ಗಳಿಗೆ ಟ್ರೈನಿಂಗ್ ಅಂತ ಮುಗಿಸಿದರು. ಸ್ಟ್ರಿಪ್ ಪ್ರಿಂಟ್ ಮಾಡಿದರೆ ಥರ್ಮಲ್ ಪೇಪರ್ ಖರ್ಚು ಅಂದರು. ಒಂದು ಎಮರ್ಜೆನ್ಸಿ ಡಯಾಲಿಸಿಸ್‌ನ ಬಿಲ್ ಮುಂದೆ ಆ ಪೇಪರ್ ರೋಲ್ ಎಷ್ಟಾಗುತ್ತದೆ ಅಂತ ಕೇಳಿದೆ. ಉತ್ತರ ಬರಲಿಲ್ಲ.

ಆದರೆ ಆ ಡ್ಯೂಟಿ ಡಾಕ್ಟರ್ ನನ್ನ ಪರ ನಿಂತರು. ರೇಟ್‌ಗೆ ಅಂತ ಯಾವ ಔಷಧಿ ಬರೆಯುವುದಿದ್ದರೂ ಮೊದಲು ಸ್ಟ್ರಿಪ್ ನೋಡುತ್ತೇನೆ, ಉಳಿದವರೂ ನೋಡಬೇಕು ಅಂತ ಅವರೇ ಬರೆದು ಕೊಟ್ಟರು. ಈಗ ಡಾಕ್ಟರಿಗೆ ಫೋನ್ ಮಾಡುವಾಗ ಸಿಸ್ಟರ್‌ಗಳು ಮೊದಲು ನಮಗೆ ಹೇಳುತ್ತಾರೆ, ನಾವು ಡಿಪಾರ್ಟ್‌ಮೆಂಟ್ ಫೋನಿನಿಂದ ಹೆಸರು ಮುಚ್ಚಿ ಸ್ಟ್ರಿಪ್ ಕಳಿಸುತ್ತೇವೆ. ವಾರ್ಡ್ ಮತ್ತು ಮಾನಿಟರ್ ರೂಮ್ ನಡುವೆ ಎಂಗೇಜ್ ಆಗದ ಹಾಗೆ ಒಂದು ಬೇರೆ ಲೈನ್ ಸಿಕ್ಕಿದೆ.

ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಹೇಳುವುದು ಇಷ್ಟು. ರೇಟ್ ಒಂದೇ ಏಟಿಗೆ ದುಪ್ಪಟ್ಟಾದರೆ ಟಿ ವೇವ್ ನೋಡಿ. ಅರ್ಧ ಆದರೆ ಕ್ಯೂಆರ್‌ಎಸ್‌ನ ಎತ್ತರ ನೋಡಿ, ಮಷಿನ್ ಸಣ್ಣ ಬೀಟ್ ಬಿಡುತ್ತಿರಬಹುದು. ಪೇಸ್‌ಮೇಕರ್ ಇರುವವರಲ್ಲಿ ನಂಬರ್ ಚೆನ್ನಾಗಿದೆ ಅಂತ ಸುಮ್ಮನಿರಬೇಡಿ, ಹೃದಯ ನಿಂತರೂ ಬರೀ ಪೇಸ್‌ಮೇಕರ್‌ನ ವಿದ್ಯುತ್ ಸ್ಪೈಕ್ ಎಣಿಸಿಕೊಂಡು 60 ತೋರಿಸುವ ಸಾಧ್ಯತೆ ಇದೆ. ಎಸ್‌ಪಿಒಟೂ ಪಕ್ಕದ ಪಲ್ಸ್ ರೇಟ್ ಯಾವಾಗಲೂ ಜೊತೆಗೆ ಓದಿ. ಫೋನ್‌ನಲ್ಲಿ ನಂಬರ್ ಹೇಳಬೇಡಿ, ಕಂಡದ್ದನ್ನು ಹೇಳಿ, "ಹೋಗಿ ಕೈ ಹಿಡಿದು ನೋಡಿ" ಅನ್ನಿ, ಅವರು ನೋಡಿ ವಾಪಸ್ ಹೇಳುವ ತನಕ ಫೋನ್ ಇಡಬೇಡಿ.

ನೈಟ್‌ಗೆ ಎರಡನೆಯ ಟೆಕ್ನಿಷಿಯನ್ ಬೇಕು ಅಂತ ಕೊಟ್ಟ ಅರ್ಜಿ ಸಿಬ್ಬಂದಿ ವಿಭಾಗದಲ್ಲೇ ಇದೆ. ಪ್ರತಿ ತಿಂಗಳು ಹೋಗಿ ಕೇಳುತ್ತಿದ್ದೇನೆ. ಡಯಟ್ ಶೀಟ್‌ನ ಕನ್ನಡ ಪ್ರತಿಯನ್ನು ನಾನು, ಡಯಟಿಷಿಯನ್ ಮೇಡಂ ಇಬ್ಬರೂ ಕೂತು ಬರೆದು ಕೊಟ್ಟಿದ್ದೇವೆ. ಅದು ಪ್ರಿಂಟ್ ಆಗಿ ಬಂದಿದೆ.