ತೀರ್ಪು ಬರುವಷ್ಟರಲ್ಲಿ ಎಷ್ಟು ಚುನಾವಣೆ?

2014ರ ಸೆಪ್ಟೆಂಬರ್ 27, ಶನಿವಾರ. ಹೊಸೂರಿನ ಚಿಕ್ಕಮ್ಮನ ಮನೆಗೆ ಅಂತ ಬೆಳಗ್ಗೆ ಹೊರಟವನು ಎಲೆಕ್ಟ್ರಾನಿಕ್ ಸಿಟಿ ತಲುಪುವ ಮೊದಲೇ ಸಿಕ್ಕಿಹಾಕಿಕೊಂಡೆ. ರಸ್ತೆ ತುಂಬ ಪೊಲೀಸರು, ಬ್ಯಾರಿಕೇಡುಗಳು. ಪರಪ್ಪನ ಅಗ್ರಹಾರ ಜೈಲಿನ ಆವರಣದಲ್ಲೇ ಅವತ್ತು ವಿಶೇಷ ನ್ಯಾಯಾಲಯ ಕೂತಿತ್ತು. ಆಗಿನ ತಮಿಳುನಾಡು ಮುಖ್ಯಮಂತ್ರಿ ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದ ತೀರ್ಪಿನ ದಿನ. ವಾಪಸ್ ಬಂದು ಟಿವಿ ಮುಂದೆ ಕೂತೆ. ನ್ಯಾಯಾಧೀಶ ಜಾನ್ ಮೈಕಲ್ ಕುನ್ಹಾ 4 ವರ್ಷ ಜೈಲು, 100 ಕೋಟಿ ರೂಪಾಯಿ ದಂಡ ವಿಧಿಸಿದರು ಅಂತ ಸುದ್ದಿ ಬಂತು. ಅಧಿಕಾರದಲ್ಲಿದ್ದ ಮುಖ್ಯಮಂತ್ರಿಯೊಬ್ಬರು ಶಿಕ್ಷೆಯಾಗಿ ಕುರ್ಚಿ ಕಳೆದುಕೊಂಡಿದ್ದು ದೇಶದಲ್ಲಿ ಅದೇ ಮೊದಲು.

ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಮನೆಮಾತು ಕನ್ನಡ, ಓಟು ಮಾತ್ರ ತಮಿಳುನಾಡಿನಲ್ಲಿ. 2011ರಲ್ಲಿ ಜಯಲಲಿತಾ ಅವರ ಮೈತ್ರಿಕೂಟಕ್ಕೇ ಹಾಕಿದ್ದರು. "ಕೇಸಿದೆ ಅಂತ ಗೊತ್ತಿತ್ತು ಕಣೋ. ಆದರೆ ಕೋರ್ಟಿನವರೇ ಇನ್ನೂ ಏನೂ ಹೇಳಿರಲಿಲ್ಲ. ಅವರಿಗೇ ಗೊತ್ತಾಗದ್ದು ನನಗೆ ಹೇಗೆ ಗೊತ್ತಾಗಬೇಕು?" ಅಂದರು. ಕ್ರಿಮಿನಲ್ ಕೇಸಿರುವವರು ಚುನಾವಣೆಗೆ ನಿಲ್ಲಬಹುದಾ ಅನ್ನೋ ಮಾತು ಬಂದಾಗಲೆಲ್ಲ ನನಗೆ ಚಿಕ್ಕಮ್ಮನ ಈ ಪ್ರಶ್ನೆಯೇ ನೆನಪಾಗುತ್ತದೆ.

ಆ ಕೇಸಿನ ದಾರಿ ನೋಡಿ. ಆರೋಪ ಇದ್ದಿದ್ದು 1991ರಿಂದ 96ರವರೆಗಿನ ಆಡಳಿತದ ಬಗ್ಗೆ. ದೂರು 1996ರಲ್ಲಿ. ಕೋರ್ಟು ಆರೋಪ ನಿಗದಿ ಮಾಡಿದ್ದು 1997ರಲ್ಲಿ. ಆಮೇಲೆ ಅವರೇ ಮತ್ತೆ ಮುಖ್ಯಮಂತ್ರಿಯಾದರು, ಸಾಕ್ಷಿಗಳು ಒಬ್ಬೊಬ್ಬರಾಗಿ ಮೊದಲಿನ ಮಾತು ಬದಲಿಸತೊಡಗಿದರು, ಅಲ್ಲಿ ನ್ಯಾಯವಾದ ವಿಚಾರಣೆ ಕಷ್ಟ ಅಂತ 2003ರಲ್ಲಿ ಸುಪ್ರೀಂ ಕೋರ್ಟು ಕೇಸನ್ನು ಬೆಂಗಳೂರಿಗೆ ವರ್ಗಾಯಿಸಿತು. ತೀರ್ಪು ಬಂದಿದ್ದು 2014ರಲ್ಲಿ. ಮರುವರ್ಷವೇ ಕರ್ನಾಟಕ ಹೈಕೋರ್ಟು ಖುಲಾಸೆ ಮಾಡಿತು. ಆ ತೀರ್ಪಿನಲ್ಲಿ ಅವರ ಆದಾಯದ ಲೆಕ್ಕಕ್ಕೆ ಸೇರಿಸಿದ ಸಾಲದ ಮೊತ್ತ ಕೂಡುವಾಗ ತಪ್ಪಾಗಿತ್ತು, ಸುಮಾರು 10.67 ಕೋಟಿ ಆಗಬೇಕಿದ್ದ ಕಡೆ 24.17 ಕೋಟಿ ಅಂತ ಬಂದಿತ್ತು. ಕರ್ನಾಟಕ ಸರ್ಕಾರ ಮೇಲ್ಮನವಿ ಹಾಕಿತು. ಅಷ್ಟರಲ್ಲಿ ಅವರು ಮತ್ತೆ ಮುಖ್ಯಮಂತ್ರಿಯಾಗಿ, 2016ರ ಚುನಾವಣೆಯನ್ನೂ ಗೆದ್ದು, ಅದೇ ಡಿಸೆಂಬರಿನಲ್ಲಿ ತೀರಿಕೊಂಡರು. ಕೆಳಗಿನ ಕೋರ್ಟಿನ ತೀರ್ಪೇ ಸರಿ ಅಂತ ಸುಪ್ರೀಂ ಕೋರ್ಟು ಹೇಳಿದ್ದು 2017ರ ಫೆಬ್ರವರಿ 14ಕ್ಕೆ. ಅಷ್ಟು ಹೊತ್ತಿಗೆ 2001, 2006, 2011, 2016, ಹೀಗೆ ನಾಲ್ಕು ವಿಧಾನಸಭೆ ಚುನಾವಣೆ ಮುಗಿದಿತ್ತು. ನಾಲ್ಕು ಸಲವೂ ಚಿಕ್ಕಮ್ಮನಂಥವರು ಉತ್ತರ ಗೊತ್ತಿಲ್ಲದೆಯೇ ಓಟು ಹಾಕಿದ್ದರು.

ಈಗಿನ ಕಾನೂನಿನಲ್ಲಿ ಶಿಕ್ಷೆಯಾದ ಮೇಲೆ ಅನರ್ಹತೆ ಇದೆ. 1951ರ ಜನಪ್ರಾತಿನಿಧ್ಯ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ 2 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆಯಾದರೆ ಸ್ಪರ್ಧಿಸುವಂತಿಲ್ಲ, ಬಿಡುಗಡೆಯಾದ ಮೇಲೂ 6 ವರ್ಷ ಕಾಯಬೇಕು. ಹಾಲಿ ಶಾಸಕರು, ಸಂಸದರಿಗೆ ಮಾತ್ರ ಮೇಲ್ಮನವಿ ಹಾಕಿ ಕುರ್ಚಿ ಉಳಿಸಿಕೊಳ್ಳುವ ದಾರಿ ಇತ್ತು. ಲಿಲಿ ಥಾಮಸ್ ಪ್ರಕರಣದಲ್ಲಿ 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ಅದನ್ನು ಮುಚ್ಚಿತು. ಒಳ್ಳೆಯದಾಯಿತು. ಆದರೆ ಶಿಕ್ಷೆಯೇ ಆಗದೆ ಹತ್ತು ಹದಿನೈದು ವರ್ಷ ಎಳೆದರೆ ಈ ಸೆಕ್ಷನ್ ಇದ್ದೂ ಏನು ಪ್ರಯೋಜನ ಹೇಳಿ.

ಹಾಗಾದರೆ ಎಫ್‌ಐಆರ್ ಬಿದ್ದ ತಕ್ಷಣ ನಿಲ್ಲಿಸಬೇಕಾ? ಖಂಡಿತ ಬೇಡ. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ತುರ್ತು ಪರಿಸ್ಥಿತಿಯಲ್ಲಿ, ಸರ್ಕಾರಿ ಆಸ್ತಿ ಸ್ಫೋಟಿಸಲು ಸಂಚು ಮಾಡಿದರು ಅನ್ನೋ ಬರೋಡಾ ಡೈನಮೈಟ್ ಕೇಸಿನಲ್ಲಿ ಜೈಲಿನಲ್ಲಿದ್ದರು. 1977ರಲ್ಲಿ ಜೈಲಿನಿಂದಲೇ ಬಿಹಾರದ ಮುಜಫ್ಫರ್‌ಪುರದಲ್ಲಿ ನಿಂತರು. ಕೈಗೆ ಕೋಳ ಹಾಕಿದ ಅವರ ಫೋಟೋ ಇಟ್ಟುಕೊಂಡು ಜನ ಪ್ರಚಾರ ಮಾಡಿದರು. 3 ಲಕ್ಷಕ್ಕೂ ಜಾಸ್ತಿ ಮತಗಳ ಅಂತರದಲ್ಲಿ ಗೆದ್ದರು. ಆಮೇಲೆ ಬಂದ ಸರ್ಕಾರ ಕೇಸನ್ನೇ ವಾಪಸ್ ತೆಗೆದುಕೊಂಡಿತು. ಕೇಸು ಇದ್ದವರಿಗೆಲ್ಲ ಚುನಾವಣೆ ಇಲ್ಲ ಅನ್ನೋ ಕಾನೂನು ಆಗ ಇದ್ದಿದ್ದರೆ ಅವರನ್ನು ಜೈಲಿಗೆ ಹಾಕಿದವರೇ ಅವರ ಚುನಾವಣೆಯನ್ನೂ ತೀರ್ಮಾನ ಮಾಡುತ್ತಿದ್ದರು, ಅಲ್ವಾ?

ಅದಕ್ಕೇ 2025ರ ಆಗಸ್ಟಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ 130ನೇ ಸಂವಿಧಾನ ತಿದ್ದುಪಡಿ ಮಸೂದೆ ನನಗೆ ಒಪ್ಪಿಗೆಯಿಲ್ಲ. 5 ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಆಗಬಹುದಾದ ಆರೋಪದಲ್ಲಿ 30 ದಿನ ಸತತ ಬಂಧನದಲ್ಲಿದ್ದರೆ ಮಂತ್ರಿ, ಮುಖ್ಯಮಂತ್ರಿ, ಪ್ರಧಾನಿ ಯಾರೇ ಆದರೂ ಸ್ಥಾನ ಹೋಗುತ್ತದೆ ಅನ್ನುತ್ತದೆ ಅದು. ಬಂಧಿಸುವುದು ಪೊಲೀಸರು, ತನಿಖಾ ಸಂಸ್ಥೆಗಳು. ಅವರ ಮೇಲೆ ಯಾವುದೋ ಒಂದು ಸರ್ಕಾರ ಇರುತ್ತದೆ.

ಆರೋಪ ನಿಗದಿ ಹಾಗಲ್ಲ. ಪೊಲೀಸರ ಚಾರ್ಜ್‌ಶೀಟನ್ನು ನ್ಯಾಯಾಧೀಶರು ಓದುತ್ತಾರೆ, ಆರೋಪಿ ಕಡೆಯ ವಕೀಲರ ಮಾತು ಕೇಳುತ್ತಾರೆ, ವಿಚಾರಣೆ ನಡೆಸುವಷ್ಟು ಹುರುಳಿದೆ ಅನ್ನಿಸಿದರೆ ಮಾತ್ರ ಮುಂದುವರಿಸುತ್ತಾರೆ. ಕಾನೂನು ಆಯೋಗ 2014ರ ತನ್ನ 244ನೇ ವರದಿಯಲ್ಲಿ ಗೆರೆ ಎಳೆದಿದ್ದು ಇಲ್ಲೇ. 5 ವರ್ಷ ಅಥವಾ ಜಾಸ್ತಿ ಶಿಕ್ಷೆ ಆಗಬಹುದಾದ ಅಪರಾಧದಲ್ಲಿ ಆರೋಪ ನಿಗದಿಯಾದರೆ ಅನರ್ಹತೆ, ಆದರೆ ಚುನಾವಣೆಗೆ ಮುಂಚಿನ ಒಂದು ವರ್ಷದೊಳಗೆ ಆಗಿದ್ದರೆ ಲೆಕ್ಕಕ್ಕಿಲ್ಲ. ಫರ್ನಾಂಡಿಸ್ ಅವರನ್ನು ಈ ಅಳತೆಯಲ್ಲಿ ಇಟ್ಟು ನೋಡಿ. ಬಂಧನವಾಗಿದ್ದು 1976ರ ಜೂನಿನಲ್ಲಿ, ಚುನಾವಣೆ ಮುಂದಿನ ಮಾರ್ಚಿನಲ್ಲಿ, ಅಂದರೆ ಬಂಧನಕ್ಕೇ ವರ್ಷ ತುಂಬಿರಲಿಲ್ಲ, ಅವರು ನಿಲ್ಲಬಹುದಿತ್ತು. ಜಯಲಲಿತಾ ಅವರದು ಉಲ್ಟಾ. 1997ರ ಆರೋಪಕ್ಕೆ 2001ರವರೆಗೆ ಧಾರಾಳ ಸಮಯ ಇತ್ತು.

ನನಗೆ ಇದರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಬೇರೆ. ಈಗ ಕೇಸು ತಡವಾದಷ್ಟೂ ಆರೋಪಿಗೆ ಲಾಭ. ವಾಯಿದೆ ಕೇಳುತ್ತಾ ಹೋದರೆ ಇನ್ನೊಂದು ಅವಧಿ ಸಿಗುತ್ತದೆ. ಆರೋಪ ನಿಗದಿಯಾದ ಕೂಡಲೇ ಚುನಾವಣೆ ಬಾಗಿಲು ಮುಚ್ಚಿದರೆ ಬೇಗ ತೀರ್ಪು ಕೊಡಿ ಅಂತ ಅವರ ವಕೀಲರೇ ಕೇಳುತ್ತಾರೆ. ಶಾಸಕರು, ಸಂಸದರ ವಿಚಾರಣೆಯನ್ನು ಆರೋಪ ನಿಗದಿಯಾದ ಒಂದು ವರ್ಷದೊಳಗೆ ಮುಗಿಸಿ ಅಂತ ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ, ಬೆಂಗಳೂರಿನಲ್ಲಿ ಇದಕ್ಕೆಂದೇ ವಿಶೇಷ ನ್ಯಾಯಾಲಯವೂ ಇದೆ. ನಾನು ಇನ್ನೊಂದು ಸೇರಿಸುತ್ತೇನೆ. ಸರ್ಕಾರದ ಕಡೆಯಿಂದ ತಡವಾಗಿ ವರ್ಷ ದಾಟಿದರೆ ಆ ತಡೆ ತಾನಾಗಿ ಹೋಗಬೇಕು. ಇಲ್ಲದಿದ್ದರೆ ಬೇಡದವರನ್ನು ಸುಮ್ನೆ ಹೊರಗಿಡಲು ಪ್ರಾಸಿಕ್ಯೂಶನ್ನಿನವರೇ ಕೇಸು ಎಳೆಯಬಹುದು.

ಇದನ್ನು ಕೋರ್ಟು ಮಾಡಲ್ಲ. ಆರೋಪ ನಿಗದಿ ಹಂತದಲ್ಲೇ ಅನರ್ಹ ಅನ್ನಲು ತನಗೆ ಅಧಿಕಾರ ಇಲ್ಲ, ಸಂಸತ್ತೇ ಕಾನೂನು ಮಾಡಬೇಕು ಅಂತ 2018ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಸಂಸತ್ತು ಇನ್ನೂ ಮಾಡಿಲ್ಲ. ಅಭ್ಯರ್ಥಿಗಳು ಪತ್ರಿಕೆಯಲ್ಲಿ ತಮ್ಮ ಕೇಸಿನ ವಿವರ ಹಾಕಿಸುತ್ತಾರೆ, ಅಷ್ಟೇ. ಹೋದ ಸಲ ನಮ್ಮ ಕ್ಷೇತ್ರದ್ದನ್ನು ಓದಲು ಅಪ್ಪ ಭೂತಗನ್ನಡಿ ತರಿಸಿಕೊಂಡರು. ಓದಿ ಮುಗಿಸಿ, "ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು?" ಅಂತ ನನ್ನನ್ನೇ ಕೇಳಿದರು. ಅದೂ ಚಿಕ್ಕಮ್ಮನ ಪ್ರಶ್ನೆಯೇ.

ಚಿಕ್ಕಮ್ಮನಿಗೆ ಇದು ಇನ್ನೂ ಹತ್ತಿರ ಬಂತು. 2016ರಲ್ಲಿ ಹೊಸೂರಿನಿಂದ ಗೆದ್ದು ಮಂತ್ರಿಯಾಗಿದ್ದವರಿಗೆ 2019ರ ಜನವರಿಯಲ್ಲಿ ವಿಶೇಷ ನ್ಯಾಯಾಲಯ 3 ವರ್ಷ ಶಿಕ್ಷೆ ವಿಧಿಸಿತು, ಮಂತ್ರಿ ಸ್ಥಾನ, ಶಾಸಕ ಸ್ಥಾನ ಎರಡೂ ಹೋಯಿತು. ಅವರ ಮೇಲಿದ್ದಿದ್ದು ಒಂದು ಗಲಾಟೆಯ ಕೇಸು, ಆ ಗಲಾಟೆ ನಡೆದಿದ್ದು 1998ರಲ್ಲಿ. ಅವರು ತಪ್ಪು ಮಾಡಿದ್ದರೋ ಇಲ್ಲವೋ, 20 ವರ್ಷದ ಹಿಂದಿನ ಒಂದು ಗಲಾಟೆ ಬಗ್ಗೆ ಹೇಳಲು ಇಷ್ಟು ದಿನ ಯಾಕೆ ಬೇಕಾಯಿತು? ಏಪ್ರಿಲ್ 18ಕ್ಕೆ ಲೋಕಸಭೆ ಚುನಾವಣೆಯ ಜೊತೆಗೇ ಹೊಸೂರಿಗೆ ಉಪಚುನಾವಣೆ ನಡೆಯಿತು. ಸಂಜೆ ಚಿಕ್ಕಮ್ಮ ಫೋನ್ ಮಾಡಿ ಎರಡು ಓಟು ಹಾಕಿ ಬಂದೆ ಅಂದರು. ಈ ಸಲ ನಿಂತವರ ಮೇಲೆ ಏನಾದರೂ ಕೇಸಿದೆಯಾ, ಅದೆಲ್ಲ ಫೋನಿನಲ್ಲೇ ನೋಡಬಹುದಂತಲ್ಲ, ಮುಂದಿನ ಸಲ ಬಂದಾಗ ಹೇಗೆ ಅಂತ ತೋರಿಸಿಕೊಡು ಅಂದರು.