ಬಳ್ಳಾರಿಯಲ್ಲಿ ಮಾರ್ಚ್ ತಿಂಗಳ ಮೊದಲ ಶುಕ್ರವಾರ

ಹುಬ್ಬಳ್ಳಿಯಿಂದ ಬಳ್ಳಾರಿಗೆ ರೈಲಿನಲ್ಲಿ ಹೋಗುವಾಗ ನನಗೆ ಕಿಟಕಿ ಪಕ್ಕದ ಸೀಟೇ ಬೇಕು. ಗದಗ, ಕೊಪ್ಪಳ ಬರುವವರೆಗೆ ನಿದ್ದೆ ಮಾಡಿದರೂ ಮುನಿರಾಬಾದ್ ಹತ್ತಿರ ಎದ್ದು ಕೂರುತ್ತೇನೆ. ಅಲ್ಲಿ ತುಂಗಭದ್ರೆ ಸಿಗುತ್ತಾಳೆ. 2025ರ ಮಾರ್ಚ್ 7ರಂದು ಹೊಳೆಯಲ್ಲಿ ನೀರಿಗಿಂತ ಬಂಡೆಗಳೇ ಜಾಸ್ತಿ ಕಂಡವು. ಹಿಂದಿನ ವರ್ಷದ ಆಗಸ್ಟ್ ನೆನಪಾಯಿತು. ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ರಾತ್ರೋರಾತ್ರಿ ಕೊಚ್ಚಿಹೋಗಿತ್ತು. ಕೊಪ್ಪಳ, ರಾಯಚೂರು, ಬಳ್ಳಾರಿಯ ರೈತರೆಲ್ಲ ನೀರು ಖಾಲಿಯಾಗುತ್ತದಲ್ಲಾ ಎಂದು ಕಂಗಾಲಾಗಿದ್ದರು. ಆಗ ಬಳ್ಳಾರಿಯ ಚಿಕ್ಕಮ್ಮ ಫೋನಿನಲ್ಲಿ ಹೇಳಿದ್ದಳು: “ಇಂಗ್ಲೆಂಡಿನವ್ರಿಗೂ ಬರೆದು ತಿಳಿಸೀವಮ್ಮ. ಅವ್ರೂ ಪ್ರಾರ್ಥನೆ ಮಾಡ್ತಿದಾರೆ.”

ಅವಳ ಕ್ರೈಸ್ತ ಸಭೆಗೂ (ಅಂದರೆ ಚರ್ಚಿಗೂ) ಇಂಗ್ಲೆಂಡಿನ ಒಂದು ಚಿಕ್ಕ ಊರಿನ ಸಭೆಗೂ ಎಷ್ಟೋ ವರ್ಷಗಳ ಒಡನಾಟ. ಇವರ ವಿಷಯ ಅವರ ಪ್ರಾರ್ಥನೆಯಲ್ಲಿ, ಅವರ ವಿಷಯ ಇವರ ಪ್ರಾರ್ಥನೆಯಲ್ಲಿ. ಒಂದು ವಾರದೊಳಗೆ ಗೇಟಿನ ಜಾಗಕ್ಕೆ ತಾತ್ಕಾಲಿಕ ತಡೆ ಕೂರಿಸಿದಾಗ, ಹರಿಯುವ ನೀರಿನ ನಡುವೆಯೇ ಕೆಲಸ ಮಾಡಿದವರ ಫೋಟೋವನ್ನೂ ಇವರು ಅಲ್ಲಿಗೆ ಕಳಿಸಿದ್ದರಂತೆ. ಅಂಥ ಪ್ರಾರ್ಥನೆಯಲ್ಲಿ ನಾನೂ ಒಮ್ಮೆ ಕೂರಬೇಕು ಅನ್ನಿಸಿತ್ತು. ಅದಕ್ಕೇ ಈ ಪ್ರಯಾಣ.

ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ದಾಟಿ ಬಳ್ಳಾರಿಯಲ್ಲಿ ಇಳಿದಾಗ ಬಿಸಿಲು ಆಗಲೇ ಸುಡುತ್ತಿತ್ತು. ಚಿಕ್ಕಮ್ಮ ಒಗ್ಗರಣೆ-ಮಿರ್ಚಿ ತರಿಸಿಟ್ಟಿದ್ದಳು. ತಿಂದು, ಒಂದು ಗಳಿಗೆ ಒರಗಿ, ನಾಲ್ಕು ಗಂಟೆಗೆ ಹೊರಟೆವು.

ಮಾರ್ಚ್ ತಿಂಗಳ ಮೊದಲ ಶುಕ್ರವಾರ ವಿಶ್ವ ಪ್ರಾರ್ಥನಾ ದಿನ. 1887ರಲ್ಲಿ ಅಮೆರಿಕದ ಹೆಣ್ಣುಮಕ್ಕಳು ಶುರುಮಾಡಿದ್ದು. ಪ್ರತಿ ವರ್ಷ ಒಂದೊಂದು ದೇಶದ ಹೆಂಗಸರು ಆರಾಧನೆಯ ಕ್ರಮ ಬರೆಯುತ್ತಾರೆ. ಉಳಿದ ದೇಶಗಳವರು ತಮ್ಮ ಭಾಷೆಗೆ ಅದನ್ನು ತಂದುಕೊಂಡು, ಅದೇ ದಿನ ಅದೇ ಪ್ರಾರ್ಥನೆ ಮಾಡುತ್ತಾರೆ. ಆ ವರ್ಷ ಬರೆದವರು ಕುಕ್ ದ್ವೀಪಗಳ ಹೆಂಗಸರು. ಪೆಸಿಫಿಕ್ ಸಾಗರದ ನಡುವೆ 15 ದ್ವೀಪಗಳು. ಅಷ್ಟೂ ಜನರನ್ನು ಒಟ್ಟುಮಾಡಿದರೆ ನಮ್ಮಲ್ಲಿ ಒಂದು ದೊಡ್ಡ ಹಳ್ಳಿ ಆದೀತು.

ಚರ್ಚಿನ ಅಂಗಳದಿಂದ ಕೋಟೆಯ ಗುಡ್ಡ ಕಾಣುತ್ತಿತ್ತು, ಬರೀ ಬಂಡೆ. ಒಳಗೆ ನಲವತ್ತು ಜನ ಹೆಂಗಸರು, ನಾಲ್ಕು ಫ್ಯಾನು. ಬಳ್ಳಾರಿ ಅಲ್ವಾ, ಒಂದು ಹಾಡು ಕನ್ನಡದಲ್ಲಿ, ಒಂದು ತೆಲುಗಿನಲ್ಲಿ. “ಕಿಯಾ ಓರಾನಾ” ಎಂದು ಒಬ್ಬರಿಗೊಬ್ಬರು ವಂದಿಸಿದೆವು. ಕುಕ್ ದ್ವೀಪದವರ ಮಾತಿನಲ್ಲಿ ಅದು ಬಹಳ ಕಾಲ ಬಾಳು ಎಂಬ ಹಾರೈಕೆ.

ಸಭೆಯ ಪಾದ್ರಿ ಅಯ್ಯನವರು ಚಿಕ್ಕದಾಗಿ ಒಂದು ವಿಷಯ ಹೇಳಿದರು. ನನಗೆ ಅದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. 1795ರಲ್ಲಿ ಹುಟ್ಟಿದ ಲಂಡನ್ ಮಿಷನರಿ ಸೊಸೈಟಿಯಿಂದ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಸತ್ಯವೇದವನ್ನು, ಅಂದರೆ ಬೈಬಲನ್ನು, ಕನ್ನಡಕ್ಕೆ ತರುವ ಕೆಲಸಕ್ಕೆ ಅವರು ಕೂತದ್ದು ಇದೇ ಊರಿನಲ್ಲಿ. ಹನ್ನೊಂದು ವರ್ಷದ ಮೇಲೆ, 1821ರಲ್ಲಿ, ಅದೇ ಸೊಸೈಟಿಯವರು ಕುಕ್ ದ್ವೀಪಗಳ ಐತುತಾಕಿ ತಲುಪಿದರು. ಅಲ್ಲಿ ಇಳಿದು ಉಳಿದುಕೊಂಡು ಸುವಾರ್ತೆ ಹೇಳಿದವರು ಇಂಗ್ಲಿಷರಲ್ಲ, ಪೆಸಿಫಿಕ್ಕಿನದೇ ಬೇರೆ ದ್ವೀಪಗಳವರು. ಅವರಲ್ಲಿ ಒಬ್ಬರು ಪಪೆಯಿಹಾ. 1977ರಲ್ಲಿ ಆ ಸೊಸೈಟಿಯ ಜಾಗಕ್ಕೆ ಹೊಸ ಒಕ್ಕೂಟ ಬಂತು. ಲಂಡನ್ ಕೊಡುವುದು, ಉಳಿದವರು ತೆಗೆದುಕೊಳ್ಳುವುದು ಎಂಬುದನ್ನು ಬಿಟ್ಟು, ಎಲ್ಲ ದೇಶಗಳ ಸಭೆಗಳೂ ಸಮವಾಗಿ ಕೂತು ತೀರ್ಮಾನಿಸುವುದು ಅದರ ರೀತಿ.

ಆಮೇಲೆ ವಿಜ್ಞಾಪನಾ ಪ್ರಾರ್ಥನೆ, ಬೇರೆಯವರಿಗಾಗಿ ಬೇಡಿಕೊಳ್ಳುವುದು. ಕುಕ್ ದ್ವೀಪಗಳ ಸುತ್ತಲಿನ ಸಮುದ್ರದ ತಳದಲ್ಲಿ ಮ್ಯಾಂಗನೀಸ್ ಗಡ್ಡೆಗಳಿವೆ. 2022ರಲ್ಲಿ ಅವುಗಳ ಹುಡುಕಾಟಕ್ಕೆ ಪರವಾನಗಿ ಕೊಟ್ಟಿದ್ದಾರೆ. ತೆಗೆಯಬೇಕೇ ಬೇಡವೇ ಎಂದು ಅಲ್ಲಿ ಚರ್ಚೆ ನಡೆದಿದೆ. ಇದನ್ನು ಓದಿ ಹೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ತವರು ಗಣಿಗಳ ಊರು ಸಂಡೂರು. “ಮ್ಯಾಂಗನೀಸ್ ಅಂದ್ರಾ? ಹಂಗಾದ್ರೆ ಇದು ನಾನೇ ಕೇಳ್ಬೇಕು” ಅಂದರು.

ಅವರ ಪ್ರಾರ್ಥನೆಗೆ ಹಾಳೆ ಬೇಕಾಗಲಿಲ್ಲ. ಒಣಹಾಕಿದ ಬಟ್ಟೆ ಸಂಜೆಗೆ ಕೆಂಪಾಗುತ್ತಿದ್ದದ್ದು, ಮಳೆಗಾಲದಲ್ಲಿ ಹಳ್ಳ ಕೆಂಪಾಗಿ ಹರಿದದ್ದು, ಎಲ್ಲವನ್ನೂ ದೇವರಿಗೆ ಹೇಳಿದರು. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ಲಾರಿ ಓಡಿಸುತ್ತಿದ್ದ ಗಂಡ ಮನೆಯಲ್ಲಿ ಕೂತದ್ದನ್ನೂ ಹೇಳಿದರು. “ಕರ್ತನೇ, ಆ ತಾಯಂದಿರ ಸಮುದ್ರ ಕೆಡದಿರಲಿ. ಅವರ ಮಕ್ಕಳ ಅನ್ನವೂ ಹೋಗದಿರಲಿ. ತೀರ್ಮಾನ ಮಾಡೋರು ಮೊದಲು ಅವರ ಮಾತು ಕೇಳಲಿ.” ಸಮುದ್ರವನ್ನೇ ನೋಡದ ಹೆಣ್ಣುಮಗಳು ಅವರು.

“ಲೋಕದ ಎಲ್ಲರಿಗೂ ಒಳ್ಳೆಯದು ಮಾಡು” ಎಂಬ ಪ್ರಾರ್ಥನೆಗೆ ಸುಮ್ನೆ ಆಮೆನ್ ಅಂದು ನನಗೆ ರೂಢಿ. ವಿಷಯ ತಿಳಿದು ಪ್ರಾರ್ಥಿಸಬೇಕು, ಪ್ರಾರ್ಥಿಸಿ ಕೆಲಸ ಮಾಡಬೇಕು ಅನ್ನುವುದು ಈ ದಿನದ ಗುರಿಮಾತು. ತಿಳಿದವರು ಕೇಳಿಕೊಳ್ಳುವಾಗ ಮಾತಿಗೆ ಬರುವ ಭಾರವೇ ಬೇರೆ.

ನಾಲ್ಕೂವರೆಗೆ ಶುರುವಾದದ್ದು ಐದೂಕಾಲು ಆಗಿತ್ತು. ಆಗ ಇಂಗ್ಲೆಂಡಿನಲ್ಲಿ ಮುಂಜಾನೆ ಹನ್ನೊಂದೂಮುಕ್ಕಾಲು. ಫೋನನ್ನು ಬಲಿಪೀಠದ ಮುಂದಿನ ಸ್ಟೂಲಿನ ಮೇಲಿಟ್ಟರು. ಪರದೆಯಲ್ಲಿ ಸ್ವೆಟರ್ ಹಾಕಿದ ಏಳೆಂಟು ಜನ ಹೆಂಗಸರು, ಎಲ್ಲರದ್ದೂ ಬಿಳಿ ತಲೆ. ಅವರ ಬೇಡಿಕೆಯನ್ನು ಟೀಚರ್ ಒಬ್ಬರು ಕನ್ನಡದಲ್ಲಿ ಹೇಳಿದರು. ಸಭೆಗೆ ಬರುವವರು ಕಡಿಮೆಯಾಗಿದ್ದಾರೆ. ಕಟ್ಟಡದ ಖರ್ಚು ತೂಗಿಸಲು ಆಗುತ್ತಿಲ್ಲ. ಮಾರಬೇಕೇನೋ. ಚಳಿಗಾಲದಲ್ಲಿ ಒಂಟಿಯಾಗಿರುವ ಹಿರಿಯರಿಗಾಗಿ ಪ್ರಾರ್ಥಿಸಿ.

ಒಳಗೆ ಮೌನ. ನಮ್ಮ ಅಜ್ಜಿಯರ ಕಾಲದಲ್ಲಿ ಆ ಕಡೆಯಿಂದ ಡಾಕ್ಟರು, ಟೀಚರು, ಹಣ ಬರುತ್ತಿತ್ತು. ಈಗ ಅವರು ಬಾಯಿಬಿಟ್ಟು ನಮ್ಮನ್ನು ಕೇಳುತ್ತಿದ್ದಾರೆ. ಚಿಕ್ಕಮ್ಮ ಮೊಣಕಾಲೂರಿದಳು. ಮಂಡಿನೋವಿನಿಂದ ಕುರ್ಚಿಯಲ್ಲೇ ಕೂತು ಪ್ರಾರ್ಥಿಸುವವಳು ಅವಳು. “ತಂದೆಯೇ, ಆ ಬಾಗಿಲು ಮುಚ್ಚಬೇಡ. ಮುಚ್ಚಲೇಬೇಕು ಅಂದ್ರೆ ಯಾರದಾದ್ರೂ ಒಂದು ಮನೇಲಿ ಅವರನ್ನ ಕೂಡಿಸು. ಒಬ್ಬೊಬ್ಬರನ್ನೇ ಬಿಡಬೇಡ.”

ಕೊನೆಗೆ ಯೇಸು ಕಲಿಸಿದ ಕರ್ತನ ಪ್ರಾರ್ಥನೆ. ಅವರು ಇಂಗ್ಲಿಷಿನಲ್ಲಿ, ನಾವು ಕನ್ನಡದಲ್ಲಿ. ಅವರ ದನಿ ತಡವಾಗಿ ಬರುತ್ತಿತ್ತು. ನಾವು ಆಮೆನ್ ಅಂದಾಗ ಅವರದಿನ್ನೂ ಮುಗಿದಿರಲಿಲ್ಲ. ಯಾರೂ ಕಣ್ಣು ತೆರೆಯಲಿಲ್ಲ. ಕಾದೆವು. ಅವರ ಆಮೆನ್ ಬಂದ ಮೇಲೆ ನಾವು ಮತ್ತೊಮ್ಮೆ ಆಮೆನ್ ಅಂದೆವು.

ರಾತ್ರಿ ಸೆಕೆಗೆ ಮಾಳಿಗೆ ಮೇಲೆ ಹಾಸಿಗೆ ಹಾಸಿದೆವು. ಹತ್ತೂವರೆಗೆ ಚಿಕ್ಕಮ್ಮ ಕೇಳಿದಳು, “ಆ ದ್ವೀಪದಾಗ ಈಗೆಷ್ಟು ಗಂಟೆ?” ಲೆಕ್ಕ ಹಾಕಿದೆ. ನಮಗಿಂತ ಹದಿನೈದೂವರೆ ಗಂಟೆ ಹಿಂದೆ. ಅಲ್ಲಿ ಈಗ ಶುಕ್ರವಾರ ಬೆಳಿಗ್ಗೆ ಏಳು.

“ಹಂಗಾದ್ರೆ ಅವರು ಈಗ ಎದ್ದಿರ್ತಾರೆ” ಎಂದು ಸೆರಗು ತಲೆಗೆ ಎಳೆದುಕೊಂಡು ಮತ್ತೆ ಎದ್ದು ಕೂತಳು.